ಎಂಟು ಏಣಿನ ಚೆಂಡುಕಳ್ಳಿ: ಮುಂಬಯಿ ಮಳೆಗಾಲ ದಾಟಿಸುವುದು ಹೇಗೆ?

ಮೇ ತಿಂಗಳ ಒಂದು ಬೆಳಿಗ್ಗೆ ಕಿಟಕಿ ಗ್ರಿಲ್ಲಿನ ಮೂಲೆಯಲ್ಲಿದ್ದ ಗಿಡವನ್ನು ತುಸು ತಿರುಗಿಸಿಡೋಣವೆಂದು ಹಿಡಿದೆ. ಗಿಡ ಕೈಗೆ ಬಂತು, ಬೇರು ಕುಂಡದಲ್ಲೇ ಉಳಿಯಿತು. ಬುಡ ಕೊಳೆತ ಆಲೂಗಡ್ಡೆಯ ಹಾಗೆ ಮೆತ್ತಗಾಗಿತ್ತು. ನಾನು ನೀರು ಹಾಕಿ ಹದಿನೈದು ದಿನವಾಗಿತ್ತು, ಮಳೆಗಾಲಕ್ಕೆ ಇನ್ನೂ ಮೂರು ವಾರವಿತ್ತು. ಕತ್ತೆತ್ತಿ ನೋಡಿದಾಗ ಕಳ್ಳ ಸಿಕ್ಕಿಬಿದ್ದ: ಮೇಲಿನ ಮನೆಯ ಎಸಿ ಪೈಪು. ರಾತ್ರಿಯಿಡೀ ಒಂದೊಂದೇ ಹನಿ, ನೆಟ್ಟಗೆ ಕುಂಡದೊಳಕ್ಕೆ. ನಾನು ಏಳುವ ಹೊತ್ತಿಗೆ ಎಸಿ ಬಂದ್ ಆಗಿರುತ್ತಿತ್ತು.

ಮುಂಬಯಿ ಪಕ್ಕದ ಡೊಂಬಿವಲಿಯ ಆ ಗ್ರಿಲ್ಲಿನಲ್ಲಿ ಸತ್ತದ್ದು ಯೂಫೋರ್ಬಿಯಾ ಒಬೇಸಾ. ಎಲೆ ಇಲ್ಲ, ಮುಳ್ಳಿಲ್ಲ, ಕೊಂಬೆಯಿಲ್ಲ. ಬೂದು ಹಸಿರಿನ ಒಂದು ಚೆಂಡು, ಮೈಮೇಲೆ ಮಾಸಲು ನೇರಳೆ ಪಟ್ಟೆ, ಮೇಲಿನಿಂದ ಕೆಳಕ್ಕೆ ಸಾಮಾನ್ಯವಾಗಿ ಎಂಟು ಏಣು. ಪ್ರತಿ ಏಣಿನ ಮೇಲೂ ಕೌದಿಗೆ ದಾರ ಹಾಕಿದಂತೆ ಸಾಲಾಗಿ ಚುಕ್ಕಿ. ಇಂಗ್ಲಿಷಿನಲ್ಲಿ ಇದನ್ನು ಬೇಸ್‌ಬಾಲ್ ಗಿಡ ಅನ್ನುತ್ತಾರೆ. ಮುಂಬಯಿಯ ಶಿವಾಜಿ ಪಾರ್ಕ್ ಮೈದಾನ ಕಂಡವರು ಕ್ರಿಕೆಟ್ ಚೆಂಡು ಅನ್ನಬಹುದು, ತಪ್ಪೇನಿಲ್ಲ.

ಕಳ್ಳಿ ಎಂದರೆ ನಮಗೇನು ಹೊಸದಲ್ಲ. ಊರಲ್ಲಿ ಬೇಲಿಗೆ ನೆಡುವ ಮುಂಡುಗಳ್ಳಿ, ಬೊಂತೆಗಳ್ಳಿಗಳೆಲ್ಲ ಇದರ ದಾಯಾದಿಗಳೇ. ಪಾಪಾಸುಕಳ್ಳಿ ಮಾತ್ರ ಬೇರೆ ಮನೆತನ, ಅದು ಅಮೆರಿಕ ಖಂಡದ ಕ್ಯಾಕ್ಟಸ್. ಗೀರಿದಾಗ ಬಿಳಿ ಹಾಲು ಬಂದರೆ ಸಾಮಾನ್ಯವಾಗಿ ನಮ್ಮ ಕಳ್ಳಿಯ ಕುಲ, ನೀರು ಜಿನುಗಿದರೆ ಕ್ಯಾಕ್ಟಸ್. ಈ ವ್ಯತ್ಯಾಸ ಬರಿಯ ಪಾಂಡಿತ್ಯಕ್ಕಲ್ಲ. ಹಾಲು ಕಣ್ಣಿಗೆ ಬಿದ್ದರೆ ಉರಿ ಸಾಮಾನ್ಯದ್ದಲ್ಲ, ಧಾರಾಳ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಬೇಕು. ಗಿಡ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯುವ ರೂಢಿ ಮೊದಲ ದಿನದಿಂದಲೇ ಇರಲಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕುಂಡ ಎತ್ತರದಲ್ಲಿರಲಿ.

ಇದರ ತವರು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ. ಅಲ್ಲಿನ ಗ್ರೇಟ್ ಕಾರೂ ಬಯಲಿನಲ್ಲಿ, ಗ್ರಾಫ್ ರೈನೆಟ್ ಪಟ್ಟಣದ ಕಡೆ, ಕೆಂಡ್ರೂ ಸುತ್ತಲಿನ ಸಣ್ಣ ಪ್ರದೇಶ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ತಾನಾಗಿ ಹುಟ್ಟುವುದಿಲ್ಲ. ಕಲ್ಲುಗಳ ನಡುವೆ ಕುಳ್ಳ ಪೊದೆಗಳ ಮರೆಯಲ್ಲಿ ಕೂತರೆ ಕಲ್ಲು ಯಾವುದು, ಗಿಡ ಯಾವುದು ತಿಳಿಯದು. 1903ರಲ್ಲಿ ಇದಕ್ಕೆ ಹೆಸರಿಟ್ಟವರು ಜೋಸೆಫ್ ಡಾಲ್ಟನ್ ಹೂಕರ್, ನಮ್ಮ ದೇಶದ ಗಿಡಮರಗಳ ಬಗ್ಗೆ ಸಂಪುಟಗಟ್ಟಲೆ ಬರೆದ ಅದೇ ಹೂಕರ್. ಹೆಸರು ಬಿದ್ದದ್ದೇ ತಡ, ಸಂಗ್ರಾಹಕರು ಕಿತ್ತು ಕಿತ್ತು ಸಾಗಿಸಿ, ಹತ್ತು ಹನ್ನೆರಡು ವರ್ಷದೊಳಗೆ ತವರನ್ನೇ ಬರಿದು ಮಾಡುವ ಸ್ಥಿತಿಗೆ ತಂದರು. ಈಗ ಅಲ್ಲಿನ ಕಾನೂನಿನ ರಕ್ಷಣೆಯಿದೆ, ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಎರಡನೇ ಅನುಬಂಧದಲ್ಲೂ ಸೇರಿದೆ.

ಆದ್ದರಿಂದ ಕೊಳ್ಳುವಾಗ ಬೀಜದಿಂದ ಬೆಳೆಸಿದ ಪುಟ್ಟ ಗಿಡವನ್ನೇ ಕೊಳ್ಳಿ. ಲಿಂಬೆಹಣ್ಣಿನ ಗಾತ್ರದ್ದು ಸಾಕು. ಮೈಯೆಲ್ಲ ಗಾಯದ ಕಲೆ, ಬುಡದಿಂದ ಅರ್ಧದವರೆಗೆ ಕಂದು ತೊಗಟೆ, ಜೊತೆಗೆ ಕಾಗದಪತ್ರವಿಲ್ಲದ ದೊಡ್ಡ ಗಿಡವನ್ನು ಯಾರಾದರೂ ‘ಇಂಪೋರ್ಟೆಡ್’ ಎಂದು ಎದುರಿಗಿಟ್ಟರೆ ಬೇಡವೇ ಬೇಡ. ಇನ್ನೊಂದು ಮಾತು: ಒಬೇಸಾ ಬುಡದಲ್ಲಿ ಸಾಧಾರಣವಾಗಿ ಮರಿ ಹಾಕುವುದಿಲ್ಲ. ಸುತ್ತ ಹತ್ತಾರು ಮರಿ ಹೊತ್ತು ಕೂತದ್ದು ಹೆಚ್ಚಾಗಿ ಮಿಶ್ರತಳಿ. ಅದೂ ಚೆಂದವೇ, ಆದರೆ ಒಬೇಸಾದ ಬೆಲೆ ಕೊಡಬೇಡಿ.

ಮನೆಗೆ ತಂದ ಮೇಲೆ

ನರ್ಸರಿಯವರು ಬಹುತೇಕ ಕೋಕೋಪೀಟಿನಲ್ಲಿಟ್ಟು ಮಾರುತ್ತಾರೆ. ತೆಂಗಿನ ನಾರಿನ ಈ ಪುಡಿ ಅವರಿಗೆ ಅನುಕೂಲ, ಗಿಡಕ್ಕೆ ಉರುಳು. ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಒದ್ದೆ ಹಿಡಿದಿರುತ್ತದೆ. ತಂದ ದಿನವೇ ಗಿಡ ಬಿಡಿಸಿ, ಬೇರಿಗಂಟಿದ ಪೀಟನ್ನೆಲ್ಲ ನೀರಿನಲ್ಲಿ ಅದ್ದಿ ನಿಧಾನಕ್ಕೆ ತೊಳೆಯಿರಿ. ಆಮೇಲೆ ನೆರಳಿನಲ್ಲಿ ಹಳೇ ಪೇಪರಿನ ಮೇಲೆ ನಾಲ್ಕೈದು ದಿನ ಹಾಗೇ ಬಿಡಿ. ಹೆದರಬೇಡಿ, ಅಷ್ಟಕ್ಕೆಲ್ಲ ಅದು ಸಾಯುವುದಿಲ್ಲ. ಕಿತ್ತ ಬೇರಿನ ಗಾಯ ಒಣಗಲೇಬೇಕು.

ಮಣ್ಣಿಗೆ ನನ್ನ ಲೆಕ್ಕ ಸರಳ: ಮೂರು ಪಾಲು ಕಲ್ಲು, ಒಂದು ಪಾಲು ಮಣ್ಣು. ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು ಸಿಕ್ಕರೆ ಒಳ್ಳೆಯದು, ಆದರೆ ದುಬಾರಿ. ಮುಂಬಯಿಯಲ್ಲಿ ರೀಡೆವಲಪ್‌ಮೆಂಟಿಗೆ ಬೀಳದ ಬಿಲ್ಡಿಂಗ್ ಎಲ್ಲಿದೆ? ವಾಚ್‌ಮನ್ನನ್ನು ಕೇಳಿದರೆ ಒಡೆದ ಇಟ್ಟಿಗೆ ಪುಕ್ಕಟೆ. ಸುತ್ತಿಗೆಯಿಂದ ಕುಟ್ಟಿ, ಕಡಲೆಬೇಳೆ ಗಾತ್ರದ ಚೂರು ಉಳಿಸಿಕೊಂಡು ಪುಡಿಯನ್ನು ಜರಡಿ ಹಿಡಿದು ಬಿಸಾಕಿ. ಜರಡಿ ಹಿಡಿಯುವ ಈ ಕೆಲಸವನ್ನೇ ಎಲ್ಲರೂ ಹಾರಿಸುತ್ತಾರೆ. ಪುಡಿ ಉಳಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ತಳಕ್ಕಿಳಿದು ಕೆಸರಾಗಿ ತೂತು ಮುಚ್ಚುತ್ತದೆ. ತೊಳೆದು ಒಣಗಿಸಿದ ಚೂರಿಗೆ ಒಂದಿಷ್ಟು ದಪ್ಪ ಮರಳು, ಉಳಿದದ್ದು ಕೆಂಪು ಮಣ್ಣು ಮತ್ತು ಒಂದು ಹಿಡಿ ಎರೆಗೊಬ್ಬರ. ಕಲಸಿದ್ದನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಉಂಡೆ ಕಟ್ಟದೆ ಉದುರಬೇಕು.

ಕುಂಡ ಮಣ್ಣಿನದ್ದೇ ಇರಲಿ, ಗಿಡಕ್ಕಿಂತ ಒಂದಿಂಚು ಅಗಲ ಸಾಕು. ಆದರೆ ತುಸು ಆಳವಿರಲಿ, ಇದರ ತಾಯಿಬೇರು ಮೂಲಂಗಿಯ ಹಾಗೆ ನೆಟ್ಟಗೆ ಇಳಿಯುತ್ತದೆ. ಒಣಗಿದ ಮಿಶ್ರಣದಲ್ಲೇ ನೆಡಿ. ಕುತ್ತಿಗೆಯ ಸುತ್ತ ಬರಿಯ ಇಟ್ಟಿಗೆ ಚೂರು ಹರಡಿ. ಒಂದು ವಾರ ನೀರು ತೋರಿಸಬೇಡಿ.

ನೀರು

ಅಕ್ಟೋಬರಿನಿಂದ ಮೇ ತನಕ ಇದನ್ನು ಸಾಕುವುದು ಸುಲಭ. ಅಗರಬತ್ತಿ ಉರಿದು ಉಳಿದ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತಂಪಾಗಿದ್ದರೆ ನೀರು ಬೇಡ. ಒಣಗಿದ್ದರೆ ಇನ್ನೂ ಎರಡು ದಿನ ಬಿಟ್ಟು, ಬೆಳಿಗ್ಗೆ ಹೊತ್ತು, ತಳದ ತೂತಿನಿಂದ ಹರಿದು ಹೋಗುವಷ್ಟು ಧಾರಾಳವಾಗಿ ಹಾಕಿ. ನನ್ನ ಮನೆಯಲ್ಲಿ ಇದು ಹತ್ತು ಹನ್ನೆರಡು ದಿನಕ್ಕೊಮ್ಮೆ ಬರುತ್ತದೆ. ದಿನಾ ಒಂದು ಚಮಚ ಹಾಕುವ ಪ್ರೀತಿ ಬೇಡ. ಗೊಬ್ಬರ ವರ್ಷಕ್ಕೆ ಎರಡು ಸಲ, ಅರ್ಧ ಪ್ರಮಾಣದಲ್ಲಿ.

ನಿಜವಾದ ಪರೀಕ್ಷೆ ಜೂನಿನಲ್ಲಿ. ಕಾರೂವಿನ ಆ ಜಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 200ರಿಂದ 300 ಮಿಲಿಮೀಟರ್. ನಮ್ಮಲ್ಲಿ ನಾಲ್ಕು ತಿಂಗಳಿಗೇ ಎರಡು ಸಾವಿರ ಮಿಲಿಮೀಟರ್ ದಾಟುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ಬಿದ್ದದ್ದು 944 ಮಿಲಿಮೀಟರ್, ಅಂದರೆ ಈ ಗಿಡದ ಮೂರು ವರ್ಷದ ಪಾಲು.

ಆದರೆ ಬರೀ ಮಳೆಯೇ ಸಮಸ್ಯೆಯಲ್ಲ. ಮಳೆ ತಾಗದಂತೆ ಒಳಗಿಟ್ಟ ಗಿಡಗಳೂ ಆಗಸ್ಟಿನಲ್ಲಿ ಕೊಳೆಯುತ್ತವೆ. ಈ ಜಾತಿಯ ಗಿಡಗಳು ಹಗಲು ಮೈಯ ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಕಾರೂವಿನಲ್ಲಿ ಹಗಲು ಎಷ್ಟು ಕಾದರೂ ರಾತ್ರಿ ತಣ್ಣಗಾಗುತ್ತದೆ. ನಮ್ಮ ಜುಲೈ ರಾತ್ರಿಗಳಲ್ಲಿ ತಂಪೆಲ್ಲಿ? ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದ ಹವೆಯಲ್ಲಿ ಗಿಡ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ. ಕುಡಿಯದೆ ಉಳಿದ ನೀರಿನಲ್ಲಿ ಬೂಸ್ಟು ಹುಟ್ಟುತ್ತದೆ.

ಹಾಗಾಗಿ ಮೇ ಕೊನೆಯ ವಾರ ಕೊನೆಯ ಸಲ ನೀರು ಹಾಕಿ, ಕುಂಡ ಒಣಗಿದ ಮೇಲೆ ಗ್ರಿಲ್ಲಿನಿಂದ ಒಳಗೆ ತನ್ನಿ. ಗ್ರಿಲ್ಲಿನ ಮೇಲೆ ತಗಡು ಹಾಕಿದೆ, ಸಾಲದೇ ಎಂದು ಕೇಳಬಹುದು. ಸಾಲದು. ನಮ್ಮ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಹೊಡೆಯುವುದೇ ಹೆಚ್ಚು. ಬೆಳಕು ಚೆನ್ನಾಗಿ ಬರುವ ಕಿಟಕಿಯ ಒಳಬದಿಯಲ್ಲಿಟ್ಟು, ದಿನಕ್ಕೆ ಕೆಲವು ಗಂಟೆ ಟೇಬಲ್ ಫ್ಯಾನ್ ಹಾಕಿ. ನಮ್ಮತ್ತೆಗೆ ಇದು ದೊಡ್ಡ ತಮಾಷೆ, ‘ಮನುಷ್ಯರಿಗಿಲ್ಲದ ಉಪಚಾರ ಕಳ್ಳಿಗೆ’ ಎನ್ನುತ್ತಾರೆ. ದೊಡ್ಡ ಗಿಡಕ್ಕೆ ಜೂನ್ ಜುಲೈನಲ್ಲಿ ನಾನು ಒಂದು ಹನಿಯೂ ಹಾಕುವುದಿಲ್ಲ. ಲಿಂಬೆಗಿಂತ ಚಿಕ್ಕದಕ್ಕೆ ಬಿಸಿಲು ಬಿದ್ದ ದಿನ ನೋಡಿ, ಮೂರು ವಾರಕ್ಕೊಮ್ಮೆ ಎರಡು ಚಮಚ.

ವಾರಕ್ಕೊಮ್ಮೆ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಮೈ ಪೂರ್ತಿ ಒಂದೇ ಸಮ ತುಸು ಸೊರಗಿ, ಏಣುಗಳು ಚೂಪಾಗಿದ್ದರೆ ಅದು ಬಾಯಾರಿಕೆ, ಚಿಂತೆಯಿಲ್ಲ. ಮೇಲ್ಭಾಗ ಗಟ್ಟಿಯಿದ್ದು ಬುಡ ಮಾತ್ರ ಹಳದಿಗಂದಾಗಿ ಮೆತ್ತಗಿದ್ದರೆ ಕೊಳೆ. ಕೂಡಲೇ ಕಿತ್ತು, ಸ್ವಚ್ಛ ಚಾಕುವಿನಿಂದ ಕೊಳೆತದ್ದನ್ನು ಕಲೆಯಿಲ್ಲದ ತಿರುಳು ಕಾಣುವ ತನಕ ಕೊಯ್ದು, ಶಿಲೀಂಧ್ರನಾಶಕ ಪುಡಿ ಹಚ್ಚಿ ಒಣಗಲು ಬಿಡಬೇಕು. ಉಳಿಯುವುದು ಅಪರೂಪ ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದೇ ಕಾಂಡದ ಗಿಡ, ಅದಕ್ಕೆ ಎರಡನೇ ಅವಕಾಶ ಕಡಿಮೆ.

ಮಳೆ ನಿಂತ ಮೇಲೂ ಒಂದು ಹೊಂಡವಿದೆ. ನಾಲ್ಕು ತಿಂಗಳು ನೆರಳಿನಲ್ಲಿದ್ದ ಗಿಡವನ್ನು ‘ಅಕ್ಟೋಬರ್ ಹೀಟ್’ಗೆ ಒಮ್ಮೆಲೇ ಒಡ್ಡಿದರೆ ಮೈ ಸುಟ್ಟು ಬಿಳಿಚುತ್ತದೆ, ಆ ಕಲೆ ಜನ್ಮದಲ್ಲಿ ಹೋಗದು. ಮೊದಲ ವಾರ ಬೆಳಗಿನ ಒಂದು ಗಂಟೆ ಬಿಸಿಲು, ಆಮೇಲೆ ಏರಿಸುತ್ತ ಹೋಗಿ. ಹಾಗೆಂದು ಬೆಳಕೇ ಕೊಡದಿದ್ದರೆ ಎಳೆಯ ಚೆಂಡು ಪೇರಲೆಯ ಹಾಗೆ ಮೇಲಕ್ಕೆ ಚೂಪಾಗುತ್ತದೆ. ವಯಸ್ಸಾದಂತೆ ಕಂಬದಂತೆ ಉದ್ದವಾಗುವುದು ಮಾತ್ರ ಅದರ ಸಹಜ ಗುಣ, ಸುಮಾರು 20 ಸೆಂಟಿಮೀಟರ್ ತನಕ ಏರುತ್ತದೆ.

ಕೀಟಗಳಲ್ಲಿ ಹಿಟ್ಟು ತಿಗಣೆ ಬಿಟ್ಟರೆ ದೊಡ್ಡ ಕಾಟವಿಲ್ಲ. ಏಣುಗಳ ಸಂದಿನಲ್ಲಿ ಹತ್ತಿಯಂಥದ್ದು ಕಂಡರೆ ಕಿವಿಯ ಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ.

ಗಂಡು ಹೆಣ್ಣು

ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂ ಬರುವ ತನಕ ಯಾವುದು ಏನೆಂದು ಹೇಳಲಾಗದು, ಬೀಜದಿಂದ ಹುಟ್ಟಿದ ಗಿಡ ಹೂ ಬಿಡಲು ಕೆಲವು ವರ್ಷ ಬೇಕು. ನೆತ್ತಿಯ ಮೇಲೆ ಅಕ್ಕಿಕಾಳಿನಷ್ಟು ಹೂ ಬಂದಾಗ ಲೆನ್ಸ್ ಹಿಡಿದು ನೋಡಿ: ಹಳದಿ ಪರಾಗದ ಪುಡಿ ಕಂಡರೆ ಗಂಡು, ಮೂರು ಕವಲಿನ ಪುಟ್ಟ ನಾಲಗೆ ಚಾಚಿದ್ದರೆ ಹೆಣ್ಣು. ಸಣ್ಣ ಪೇಂಟಿಂಗ್ ಬ್ರಶ್ಶಿನಿಂದ ಪರಾಗವನ್ನು ಇಲ್ಲಿಂದ ಅಲ್ಲಿಗೆ ಮುಟ್ಟಿಸಿದರೆ ಆಯಿತು.

ಕಾಯಿ ಕಟ್ಟಿದರೆ ಅದರಲ್ಲಿ ಮೂರು ಬೀಜ, ಸಾಸಿವೆಗಿಂತ ತುಸು ದಪ್ಪ. ಬಲಿತ ಕಾಯಿ ಟಪ್ ಎಂದು ಸಿಡಿದು ಬೀಜವನ್ನು ದೂರಕ್ಕೆಸೆಯುತ್ತದೆ. ನನ್ನ ಮೊದಲ ಫಸಲು ಗ್ರಿಲ್ಲಿನಿಂದ ಹಾರಿ ಕೆಳಗಿನ ಪಾರ್ಕಿಂಗಿಗೆ ಹೋಯಿತು. ಈಗ ಕಾಯಿ ಕಟ್ಟಿದ ಕೂಡಲೇ ಹಳೇ ಸೊಳ್ಳೆಪರದೆಯ ತುಂಡೊಂದನ್ನು ಗಿಡದ ತಲೆಗೆ ಟೊಪ್ಪಿಯಂತೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುತ್ತೇನೆ. ಸಿಕ್ಕ ಬೀಜವನ್ನು ಫೆಬ್ರವರಿಯಲ್ಲಿ, ಜರಡಿ ಹಿಡಿದ ಸಣ್ಣ ಇಟ್ಟಿಗೆ ಚೂರಿನ ಮೇಲೆ ಉದುರಿಸಿ, ಮುಚ್ಚಿಯೂ ಮುಚ್ಚದಷ್ಟು ಮರಳು ಎರಚಿ, ಶ್ರೀಖಂಡದ ಖಾಲಿ ಡಬ್ಬಿಯ ಮುಚ್ಚಳ ಹಾಕಿಡುತ್ತೇನೆ. ಮೊಳಕೆ ಕಂಡ ದಿನ ಮುಚ್ಚಳ ತೆಗೆಯಬೇಕು.