ಹಳೇ ಕಿರ್ದಿ ಪುಸ್ತಕದಲ್ಲಿ ಜಿಮ್ಮಿನ ಲೆಕ್ಕ

ನನಗೆ ಈಗ 44. ತುಮಕೂರಿನ ಬಟವಾಡಿ ಎ.ಪಿ.ಎಂ.ಸಿ. ಯಾರ್ಡಿನ ಒಂದು ಮಂಡಿಯಲ್ಲಿ ರೈಟರ್ ಕೆಲಸ. ಕಥೆ ಬರೆಯೋ ರೈಟರ್ ಅಲ್ಲ, ಲೆಕ್ಕ ಬರೆಯೋ ರೈಟರ್. ರಾಗಿ ಎಷ್ಟು ಬಂತು, ಹುಣಸೆಹಣ್ಣು ಎಷ್ಟು ಹೋಯಿತು, ಹಮಾಲಿ ಎಷ್ಟು, ಅಷ್ಟೇ. ಬೆಳಿಗ್ಗೆ ಹತ್ತಕ್ಕೆ ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮಧ್ಯಾಹ್ನದ ಊಟಕ್ಕೆ ಒಮ್ಮೆ ಏಳುವುದು, ಆಮೇಲೆ ಸಂಜೆಗೇ. ಇಪ್ಪತ್ತು ವರ್ಷ ಮಂಡಿಯಲ್ಲಿ ಕೂತು ಕೂತು ನನ್ನ ಮಂಡಿಗಳೇ ಹೋದವು. ಮೆಟ್ಟಿಲು ಇಳಿಯುವಾಗ ಕಟಕಟ ಅನ್ನೋಕೆ ಶುರುವಾದ ಮೇಲೆ ಜಿಮ್ ಸೇರಿದೆ.

ಎಸ್.ಎಸ್. ಪುರಂನಲ್ಲಿ, ಹಾರ್ಡ್‌ವೇರ್ ಅಂಗಡಿ ಮೇಲಿನ ಮಹಡಿಯಲ್ಲಿದೆ ನಮ್ಮ ಜಿಮ್. ಏಸಿ ಇಲ್ಲ, ಎರಡು ದೊಡ್ಡ ಫ್ಯಾನು. ಮೊದಲ ಎರಡು ವರ್ಷ ನಾನು ಮಾಡಿದ್ದು ಒಂದೇ. ಟ್ರೆಡ್‌ಮಿಲ್ ಮೇಲೆ ಇಪ್ಪತ್ತು ನಿಮಿಷ ನಡಿಗೆ, ಆಮೇಲೆ ನಾಲ್ಕು ಮೆಷೀನು, ಮನೆ. ಕೂತು ಕಂಬಿ ಎಳೆಯೋ ಮೆಷೀನಿನಲ್ಲಿ ತೂಕಕ್ಕೆ ಒಂದು ಪಿನ್ನು ಸಿಕ್ಕಿಸಬೇಕಲ್ವಾ, ನನ್ನ ಪಿನ್ನು ಯಾವಾಗಲೂ ಮೇಲಿನಿಂದ ಐದನೇ ತೂತು. ಎರಡು ವರ್ಷ ಅದೇ ತೂತು. ಬೆವರು ಬರುತ್ತಿತ್ತು, ಹಾಗಾಗಿ ಏನೋ ಆಗ್ತಿದೆ ಅಂದುಕೊಂಡಿದ್ದೆ.

ಹೋದ ವರ್ಷ ಜಿಮ್ಮಿಗೆ ಹೊಸ ಕೋಚ್ ಬಂದರು. ಚಿಕ್ಕ ಹುಡುಗ, ಇಪ್ಪತ್ತೇಳಿರಬೇಕು. ಅರ್ಧ ಮೆಷೀನುಗಳನ್ನು ಮೂಲೆಗೆ ತಳ್ಳಿ, ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ, ಕೆಟಲ್‌ಬೆಲ್, ಮರದ ಪೆಟ್ಟಿಗೆ, ತೋಳು ದಪ್ಪದ ಹಗ್ಗ, ಗೋಡೆಗೆ ನೇತಾಡುವ ಪಟ್ಟಿ ಎಲ್ಲ ತಂದಿಟ್ಟರು. ಮೊದಲ ದಿನವೇ ನನ್ನನ್ನು ನೋಡಿ, "ಅಣ್ಣ, ಆ ಪಿನ್ನು ಅಲ್ಲೇ ತುಕ್ಕು ಹಿಡಿಯುತ್ತೆ, ಈ ಕಡೆ ಬನ್ನಿ" ಅಂದರು.

ಬಂದೆ. ಆದರೆ ನಾನು ಲೆಕ್ಕದವನು. ಒಂದು ಷರತ್ತು ಹಾಕಿಕೊಂಡೆ. ಒಂದು ಹೊಸ ವ್ಯಾಯಾಮ ಹಿಡಿದರೆ ನಾಲ್ಕು ವಾರ, ವಾರಕ್ಕೆ ಮೂರು ದಿನ ಮಾಡಿಯೇ ತೀರ್ಮಾನ ಮಾಡೋದು. ಮಂಡಿಯಲ್ಲಿ ಅರ್ಧ ಬರೆದು ಬಿಟ್ಟಿದ್ದ ಹಳೇ ಕಿರ್ದಿ ಪುಸ್ತಕ ಒಂದಿತ್ತು, ಉದ್ದಕ್ಕೆ, ಕೆಂಪು ಬಟ್ಟೆ ರಟ್ಟು. ಅದನ್ನೇ ತಂದು ದಿನಾಂಕ, ಏನು ಮಾಡಿದೆ, ಎಷ್ಟು ಕೆ.ಜಿ., ಎಷ್ಟು ಸಲ, ಮಾರನೇ ದಿನ ಮೈ ಹೇಗಿತ್ತು ಅಂತ ಬರೆಯೋಕೆ ಶುರು ಮಾಡಿದೆ.

ಮೊದಲು ಸಿಕ್ಕಿದ್ದು ತಬಾಟಾ. 20 ಸೆಕೆಂಡು ಜೀವ ಹೋಗುವ ಹಾಗೆ ಮಾಡಬೇಕು, 10 ಸೆಕೆಂಡು ಸುಮ್ನೆ ನಿಲ್ಲಬೇಕು, ಹೀಗೆ ಎಂಟು ಸಲ. ಒಟ್ಟು ನಾಲ್ಕು ನಿಮಿಷ. ನಾಲ್ಕೇ ನಿಮಿಷನಾ ಅಂತ ನಕ್ಕಿದ್ದೆ. ಅವತ್ತು ಭಾನುವಾರ ಬೇರೆ. ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿ ಎರಡು ತಟ್ಟೆ ಇಡ್ಲಿ, ಮೇಲೆ ಬೆಣ್ಣೆ, ಜೊತೆಗೊಂದು ವಡೆ ತಿಂದು ನೇರ ಜಿಮ್ಮಿಗೆ ಬಂದಿದ್ದೆ. ಕೂತು ಏಳೋದು, ಜಿಗಿಯೋದು, ನೆಲಕ್ಕೆ ಬಿದ್ದು ಏಳೋದು. ಐದನೇ ಸುತ್ತಿಗೆ ಕಣ್ಣಿಗೆ ಕತ್ತಲೆ ಬಂತು, ಆರನೇದಕ್ಕೆ ಬಚ್ಚಲಿಗೆ ಓಡಿದೆ. ಎರಡೂ ಇಡ್ಲಿ ಹೋಯಿತು. ವಡೆ ಎಲ್ಲಿ ಹೋಯಿತೋ ಗೊತ್ತಿಲ್ಲ.

ಆಮೇಲೆ ಈ ತಬಾಟಾ ಅಂದರೆ ಏನು ಅಂತ ಹುಡುಕಿ ಓದಿದೆ. ಜಪಾನಿನ ಇಜುಮಿ ತಬಾಟಾ ಮತ್ತು ಅವರ ಜೊತೆಯವರು 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಹೆಸರು ಅದು. ನಿಂತಲ್ಲೇ ತುಳಿಯೋ ಸೈಕಲ್ ಮೇಲೆ ಗಟ್ಟಿಮುಟ್ಟಾದ ಹುಡುಗರಿಂದ ಆರು ವಾರ ಮಾಡಿಸಿದ್ದರು. ತುಳಿತ ಎಷ್ಟು ಜೋರು ಅಂದರೆ ಏಳೆಂಟು ಸುತ್ತಿಗೆ ಕಾಲು ತಾನಾಗೇ ನಿಂತುಹೋಗಬೇಕು. ಉಸಿರಿನ ತಾಕತ್ತು ಹೆಚ್ಚಿದ್ದು ಆ ಜೋರಿನಿಂದ, ಬರೀ ಗಡಿಯಾರದಿಂದ ಅಲ್ಲ. ನನ್ನಂಥವರು ಅದನ್ನೇ ಹೊಟ್ಟೆ ತುಂಬ ತಿಂದು, ಜಿಗಿದು ಮಾಡಿದರೆ ಅದು ತಬಾಟಾ ಅಲ್ಲ, ಹೆಸರು ಮಾತ್ರ. ಕೋಚಿಗೆ ಇದನ್ನು ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಜಿಗಿತ ತೆಗೆದು ಸೈಕಲ್ ಕೊಟ್ಟರು, ಎಂಟರ ಬದಲು ನಾಲ್ಕು ಸುತ್ತು. ಮಂಡಿ ನೋವು ಬರಲಿಲ್ಲ. ನಾಲ್ಕನೇ ವಾರಕ್ಕೆ ಆರು ಸುತ್ತಿಗೆ ಬಂದೆ, ಅದೂ ಬರೀ ಹೊಟ್ಟೆಯಲ್ಲಿ.

ನೆಲಕ್ಕೆ ಬಿದ್ದು ಏಳೋದಕ್ಕೆ ಬರ್ಪಿ ಅನ್ನುತ್ತಾರೆ, ಗೊತ್ತಿರಬಹುದು. ಅಮೆರಿಕದ ರಾಯಲ್ ಬರ್ಪಿ ಅನ್ನುವವರು 1930ರ ದಶಕದಲ್ಲಿ ಮನುಷ್ಯನ ಮೈ ಎಷ್ಟು ಗಟ್ಟಿ ಇದೆ ಅಂತ ಪರೀಕ್ಷೆ ಮಾಡಲು ಮಾಡಿದ್ದು, ಅದೂ ನಾಲ್ಕೇ ಸಲ. ಅವರು ಪರೀಕ್ಷೆಗೆ ಇಟ್ಟಿದ್ದನ್ನು ನಮ್ಮ ಕೋಚ್ ತಡವಾಗಿ ಬಂದವರಿಗೆ ಶಿಕ್ಷೆಗೆ ಇಟ್ಟಿದ್ದಾರೆ. ಇಪ್ಪತ್ತು.

ಈಗ ಮುಖ್ಯವಾದ ವಿಷಯ, ನೋವು. ಎರಡನೇ ತಿಂಗಳು ಲಂಜ್ ಶುರು ಮಾಡಿದೆ. ಒಂದು ಕಾಲು ಮುಂದಿಟ್ಟು ಹಿಂದಿನ ಮಂಡಿ ನೆಲಕ್ಕೆ ತಾಗುವಷ್ಟು ಇಳಿದು ಏಳೋದು. ಮಾಡುವಾಗ ಏನೂ ಅನ್ನಿಸಲಿಲ್ಲ. ಮಾರನೇ ದಿನ ಸ್ವಲ್ಪ. ಅದರ ಮಾರನೇ ದಿನ ಗಾದಿ ಮೇಲೆ ಕೂತವನಿಗೆ ಏಳೋಕೇ ಆಗಲಿಲ್ಲ. ರೈತರೊಬ್ಬರು ಪಟ್ಟಿ ಕೇಳುತ್ತಾ ಎದುರಿಗೆ ನಿಂತಿದ್ದಾರೆ, ನಾನು ಡೆಸ್ಕು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಕೊನೆಗೆ ಹುಣಸೆಹಣ್ಣಿನ ಮೂಟೆ ತಬ್ಬಿಕೊಂಡು ಎದ್ದೆ. ಹೊಸ ವ್ಯಾಯಾಮ ಮಾಡಿದ 24ರಿಂದ 72 ಗಂಟೆಯೊಳಗೆ ಈ ಥರ ನೋವು ಏರುವುದು ಮಾಮೂಲು. ಅದರಲ್ಲೂ ಭಾರ ತಡೆದುಕೊಂಡು ನಿಧಾನಕ್ಕೆ ಇಳಿಯೋ ಕೆಲಸದಲ್ಲಿ ಜಾಸ್ತಿ. ಬೆಟ್ಟ ಹತ್ತಿದ್ದಕ್ಕಿಂತ ಇಳಿದದ್ದಕ್ಕೆ ತೊಡೆ ಹೆಚ್ಚು ಹಿಡಿಯುತ್ತದಲ್ಲ, ದೇವರಾಯನದುರ್ಗಕ್ಕೆ ಹೋಗಿ ಬಂದವರಿಗೆ ಗೊತ್ತು, ಅದೇ ಇದು.

ತಮಾಷೆ ಅಂದರೆ, ಎರಡನೇ ವಾರ ಅದೇ ಲಂಜ್, ಅಷ್ಟೇ ಸಲ, ನೋವು ಅರ್ಧಕ್ಕರ್ಧ ಇಲ್ಲ. ಮೂರನೇ ವಾರ ಪೂರ್ತಿ ಇಲ್ಲ. ನನಗೆ ಬೇಜಾರಾಯಿತು. ವ್ಯಾಯಾಮ ಕೆಲಸ ಮಾಡೋದು ನಿಲ್ಲಿಸಿತು, ಬೇರೆ ಏನಾದರೂ ಕೊಡಿ ಅಂದೆ. ಕೋಚ್ ಕಿರ್ದಿ ಕೇಳಿದರು. ತೋರಿಸಿದೆ. ಮೊದಲ ವಾರ ಬರಿಗೈಯಲ್ಲಿ ಎಂಟು, ಮೂರನೇ ವಾರ ಎರಡೂ ಕೈಯಲ್ಲಿ ಐದೈದು ಕೆ.ಜಿ. ಹಿಡಿದು ಹನ್ನೆರಡು. "ಅಣ್ಣ, ನೀವೇ ಬರೆದಿದ್ದೀರಲ್ಲ" ಅಂದರು. ಸುಮ್ಮನಾದೆ. ಮಂಡಿಯಲ್ಲಿ ಯಾರಾದರೂ ಇವತ್ತು ಭಾರೀ ವ್ಯಾಪಾರ, ಗಲಾಟೆಯೋ ಗಲಾಟೆ ಅಂದರೆ ನಾನು ಒಪ್ಪೋನಲ್ಲ, ಶಿಲ್ಕು ಎಷ್ಟು ತೋರಿಸಿ ಅನ್ನುತ್ತೇನೆ. ನನ್ನ ಮೈ ವಿಷಯಕ್ಕೆ ಬಂದಾಗ ಮಾತ್ರ ಬೆವರು, ನೋವು ಅಂತ ಗಲಾಟೆ ನೋಡಿಯೇ ವ್ಯಾಪಾರ ಅಳೆಯುತ್ತಿದ್ದೆ. ಪಿನ್ನು ಎರಡು ವರ್ಷ ಐದನೇ ತೂತಲ್ಲೇ ಇದ್ದದ್ದು ಯಾಕೆ ಅಂತ ಅವತ್ತು ಅರ್ಥ ಆಯಿತು.

ಇಲ್ಲಿ ಒಂದು ಎಚ್ಚರಿಕೆ. ಮಾಮೂಲು ನೋವು ಬೇರೆ, ಮಿತಿ ಮೀರಿದ್ದು ಬೇರೆ. ಸಿಕ್ಕಾಪಟ್ಟೆ ಮಾಡಿದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಸ್ನಾಯು ಊದಿಕೊಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಏಟು ಬೀಳುತ್ತದೆ. ಹೊಸ ಬ್ಯಾಚಿನ ಮೊದಲ ದಿನವೇ ಪಕ್ಕದವನ ಜೊತೆ ಪೈಪೋಟಿಗೆ ಇಳಿಯೋರಿಗೆ ಇದು ಆಗೋದು ಜಾಸ್ತಿ.

ಮೂರನೇ ತಿಂಗಳು ಜುಂಬಾ, ಅಂದರೆ ಹಾಡಿಗೆ ಕುಣಿಯುತ್ತಾ ಮಾಡೋ ವ್ಯಾಯಾಮ. ಮನೆಯವರು ಆ ಬ್ಯಾಚಿಗೆ ಸೇರಿದ್ದರು, ನಾನೂ ಹೋದೆ. ಇಪ್ಪತ್ತೆರಡು ಹೆಂಗಸರು, ಇಬ್ಬರು ಗಂಡಸರು, ಇನ್ನೊಬ್ಬರು ಎರಡನೇ ದಿನದಿಂದ ಬರಲಿಲ್ಲ. ಕೊಲಂಬಿಯಾದ ಬೆಟೊ ಪೆರೆಜ್ ಅನ್ನುವವರು ಏರೋಬಿಕ್ಸ್ ಪಾಠಕ್ಕೆ ಕ್ಯಾಸೆಟ್ ಮರೆತು ಬಂದು, ಹತ್ತಿರ ಇದ್ದ ಸಾಲ್ಸಾ ಹಾಡು ಹಾಕಿ ಶುರು ಮಾಡಿದ್ದಂತೆ. ನಮ್ಮಲ್ಲಿ ಸಾಲ್ಸಾ ಎರಡು ಹಾಡಿಗೆ ಮುಗಿದು ಮಿಕ್ಕಿದ್ದೆಲ್ಲ ಟಪ್ಪಾಂಗುಚ್ಚಿ. ಎಲ್ಲರೂ ಎಡಕ್ಕೆ ಹೋದಾಗ ನಾನು ಬಲಕ್ಕೆ. ಖುಷಿ ಇತ್ತು, ಸುಳ್ಳು ಹೇಳಲ್ಲ. ಆದರೆ ಕಿರ್ದಿಯಲ್ಲಿ ಏನು ಬರೆಯೋದು ಅಂತ ಗೊತ್ತಾಗಲಿಲ್ಲ, ನಾಲ್ಕು ವಾರಕ್ಕೆ ಬಿಟ್ಟೆ. ಮನೆಯವರು ಈಗಲೂ ಹೋಗುತ್ತಾರೆ, ಅವರಿಗೆ ಕಿರ್ದಿ ಬೇಕಿಲ್ಲ. ಗೋಡೆಗೆ ನೇತಾಡುವ ಆ ಪಟ್ಟಿ ಹಿಡಿದು ಹಿಂದಕ್ಕೆ ವಾಲಿ ಎಳೆಯೋದು ಚೆನ್ನಾಗಿತ್ತು, ಅದಕ್ಕೆ ಜಾಸ್ತಿ ಹೇಳೋಕೆ ಏನಿಲ್ಲ. ಪೆಟ್ಟಿಗೆ ಮೇಲೆ ಹಾರೋದನ್ನು ಒಂದೇ ದಿನಕ್ಕೆ ನಿಲ್ಲಿಸಿದೆ, ಮೊಣಕಾಲಿನ ಮುಂಭಾಗದ ಚರ್ಮ ಆ ಪೆಟ್ಟಿಗೆ ಅಂಚಿನಲ್ಲಿ ಇನ್ನೂ ಇರಬೇಕು.

ನನಗೆ ನಿಜವಾಗಿ ಹಿಡಿಸಿದ್ದು ಕೆಟಲ್‌ಬೆಲ್. ಹಿಡಿ ಇರೋ ಕಬ್ಬಿಣದ ಗುಂಡು. ಇದು ರಷ್ಯಾದಿಂದ ಬಂದದ್ದು. ಅಲ್ಲಿ ಹಿಂದೆ ಪೂಡ್ ಅಂತ ತೂಕದ ಅಳತೆ ಇತ್ತು, ನಮ್ಮ ಮಣ ಇದ್ದ ಹಾಗೆ. ಒಂದು ಪೂಡ್ ಅಂದರೆ 16 ಕೆ.ಜಿ. ಚಿಲ್ಲರೆ. ಅದಕ್ಕೇ ಗುಂಡುಗಳು 16, 24, 32 ಅಂತ ಬರುತ್ತವೆ, ಒಂದು, ಒಂದೂವರೆ, ಎರಡು ಪೂಡ್. ದವಸ ತೂಗುವಾಗ ತಕ್ಕಡಿಗೆ ಇಡುತ್ತಿದ್ದ ತೂಕದ ಕಲ್ಲುಗಳನ್ನೇ ಅಲ್ಲಿನ ಜನ ಎತ್ತಿ ಬೀಸಿ ಶಕ್ತಿ ತೋರಿಸೋಕೆ ಶುರು ಮಾಡಿದ್ದು ಅನ್ನುತ್ತಾರೆ. ಇದನ್ನು ಓದಿದ ಮೇಲೆ ಆ ಗುಂಡು ನಮ್ಮವನೇ ಅನ್ನಿಸಿಬಿಟ್ಟಿತು.

ಇದರಲ್ಲಿ ಸ್ವಿಂಗ್ ಅಂತ ಒಂದಿದೆ. ಕಾಲು ಅಗಲಿಸಿ ನಿಂತು, ಗುಂಡನ್ನು ತೊಡೆ ಮಧ್ಯೆ ಹಿಂದಕ್ಕೆ ಬಿಟ್ಟು, ಎದೆ ಮಟ್ಟಕ್ಕೆ ಬೀಸೋದು. ಎಲ್ಲರೂ ಮಾಡೋ ತಪ್ಪನ್ನು ನಾನೂ ಮಾಡಿದೆ, ಕೈಯಲ್ಲಿ ಎತ್ತಿದೆ. ಎರಡು ವಾರ ಭುಜ ನೋವು, ಸೊಂಟ ನೋವು. ಕೋಚ್ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ಹೇಳಿಕೊಟ್ಟಿದ್ದು ನಮ್ಮ ಮಂಡಿಯ ಹಮಾಲಿ, ನನಗಿಂತ ಹತ್ತು ವರ್ಷ ದೊಡ್ಡವರು. ಲಾರಿ ಬರೋದು ತಡವಾಗಿದ್ದ ಒಂದು ಮಧ್ಯಾಹ್ನ ನಾನು ಖಾಲಿ ಎಣ್ಣೆ ಡಬ್ಬ ಹಿಡಿದು ಪ್ರಾಕ್ಟೀಸ್ ಮಾಡುತ್ತಿದ್ದೆ. ಬೀಡಿ ಆರಿಸಿ ಬಂದರು. "ರೈಟ್ರೇ, ಬಗ್ಗಬೇಡಿ. ಹಿಂದೆ ಬಾಗಿಲಿದೆ, ಕೈ ತುಂಬ ಸಾಮಾನು, ತಿಕದಲ್ಲಿ ಬಾಗಿಲು ತಳ್ಳಬೇಕು. ಹೆಂಗೆ ತಳ್ತೀರಿ?" ತಳ್ಳಿದೆ. "ಹಾಂ, ಅಲ್ಲಿಂದ ಎದ್ದು ನಿಂತ್ಕಳಿ, ಅಷ್ಟೇಯ. ಕೈ ಬರೀ ಕೊಕ್ಕೆ."

ಸೊಂಟ ಹಿಂದಕ್ಕೆ, ಬೆನ್ನು ನೇರ, ಕೈ ಬರೀ ಕೊಕ್ಕೆ. ಅದೇ ರಾತ್ರಿ ಜಿಮ್ಮಿನಲ್ಲಿ 16 ಕೆ.ಜಿ. ಗುಂಡು ತಾನಾಗೇ ಎದೆಗೆ ತೇಲಿ ಬಂತು. ಕೋಚ್ ದೂರದಿಂದಲೇ "ಯಾರು ಹೇಳಿಕೊಟ್ಟರು?" ಅಂದರು. ಕಿರ್ದಿಯಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಹೊಡೆದಿದ್ದೇನೆ. ಮೊದಲ ಕೆಲವು ವಾರ ಸ್ನಾಯು ಬೆಳೆಯೋದಕ್ಕಿಂತ ಹೆಚ್ಚಾಗಿ ನರಗಳು ಕೆಲಸ ಕಲಿಯುತ್ತವಂತೆ, ಯಾವ ಸ್ನಾಯು ಯಾವಾಗ ಬಿಗಿಯಬೇಕು ಅಂತ. ಅದಕ್ಕೇ ನಾಲ್ಕು ವಾರದ ಷರತ್ತು ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಎರಡನೇ ವಾರಕ್ಕೆ ಬಿಟ್ಟಿದ್ದರೆ ಕೆಟಲ್‌ಬೆಲ್ ಅಂದರೆ ಭುಜ ನೋವು ಅಂತಲೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಅದರ ಜೊತೆಗೇ ಭಾರ ಹೊತ್ತು ನಡೆಯೋದು. ಎರಡು ಕೈಯಲ್ಲಿ ಎರಡು ಗುಂಡು, ಗೋಡೆಯಿಂದ ಗೋಡೆಗೆ ನಡೆ, ಇಡು, ಮತ್ತೆ ನಡೆ. ಇಷ್ಟು ಸರಳವಾದದ್ದು ಇನ್ನೊಂದಿಲ್ಲ. ಒಂದೇ ಕೈಯಲ್ಲಿ ಹಿಡಿದರೆ ಇನ್ನೂ ಕಷ್ಟ, ಮೈ ಆ ಕಡೆ ವಾಲದಂತೆ ಪಕ್ಕೆಗಳು ಒದ್ದಾಡುತ್ತವೆ. 12 ಕೆ.ಜಿ.ಯಲ್ಲಿ ಶುರು ಮಾಡಿ ಐದು ತಿಂಗಳಿಗೆ 28ಕ್ಕೆ ಬಂದೆ. ಇದರ ಪರೀಕ್ಷೆ ಜಿಮ್ಮಿನಲ್ಲಿ ಆಗಲಿಲ್ಲ, ನಮ್ಮ ಮನೆ ಮೆಟ್ಟಿಲಲ್ಲಿ ಆಯಿತು. ನಾವಿರೋದು ಎರಡನೇ ಮಹಡಿ, ಲಿಫ್ಟ್ ಇಲ್ಲ. ತುಂಬಿದ ಗ್ಯಾಸ್ ಸಿಲಿಂಡರ್ ಅಂದರೆ 14.2 ಕೆ.ಜಿ. ಗ್ಯಾಸು, ಕಬ್ಬಿಣ ಸೇರಿ 30ರ ಹತ್ತಿರ. ಮೊದಲೆಲ್ಲ ತರುವ ಹುಡುಗನಿಗೆ ಮೇಲೆ ಐವತ್ತು ಕೊಡುತ್ತಿದ್ದೆ. ಈಗ ಗೇಟಿನ ಹತ್ತಿರ ಇಳಿಸಿಕೊಂಡು ನಾನೇ ಒಂದು ಕೈಯಲ್ಲಿ ತರುತ್ತೇನೆ, ಮೊದಲ ಮಹಡಿಯಲ್ಲಿ ಕೈ ಬದಲಿಸಿ.

ಊಟದ ಬಗ್ಗೆ ಕೇಳುತ್ತಾರೆ. ದೊಡ್ಡ ಬದಲಾವಣೆ ಏನೂ ಇಲ್ಲ. ಮುದ್ದೆ ಬಿಟ್ಟಿಲ್ಲ, ಆದರೆ ರಾಗಿಯಲ್ಲಿ 100 ಗ್ರಾಮಿಗೆ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ, ಹುರುಳಿಯಲ್ಲಿ 20 ದಾಟುತ್ತದೆ. ಹಾಗಾಗಿ ಮುದ್ದೆ ಒಂದು ಕಡಿಮೆ ಮಾಡಿ ಹುರುಳಿಕಾಳು ಜಾಸ್ತಿ ಹಾಕಿಸಿಕೊಂಡೆ, ಬೆಳಿಗ್ಗೆ ಎರಡು ಮೊಟ್ಟೆ. ಡಬ್ಬದ ಪೌಡರ್ ತಗೊಂಡಿಲ್ಲ. ತಗೊಳ್ಳೋರು ತಗೊಳ್ಳಲಿ.

ಹುಣಸೆಹಣ್ಣಿನ ಸೀಸನ್ನಿನಲ್ಲಿ ಮಂಡಿ ರಾತ್ರಿ ಒಂಬತ್ತರವರೆಗೂ ಇರುತ್ತದೆ, ಆಗ ವಾರಕ್ಕೆ ಎರಡೇ ದಿನ ಜಿಮ್ಮು. ಕಿರ್ದಿಯಲ್ಲಿ ಆ ತಿಂಗಳುಗಳ ಅಂಕಿ ಮುಂದಕ್ಕೆ ಹೋಗಿಲ್ಲ, ಹಿಂದಕ್ಕೂ ಬಂದಿಲ್ಲ.

ಈಗ ಹಿಡಿದಿರೋದು ಟರ್ಕಿಶ್ ಗೆಟ್‌ಅಪ್. ಅಂಗಾತ ಮಲಗಿ, ಒಂದು ಕೈಯಲ್ಲಿ ಗುಂಡನ್ನು ನೇರ ಮೇಲೆ ಹಿಡಿದು, ಕೈ ಬಾಗಿಸದೆ ಎದ್ದು ನಿಲ್ಲಬೇಕು, ಹಾಗೇ ವಾಪಸ್ ಮಲಗಬೇಕು. ನನಗಿನ್ನೂ ಗುಂಡು ಕೊಟ್ಟಿಲ್ಲ. ಮುಷ್ಟಿ ಕಟ್ಟಿ ಅದರ ಮೇಲೆ ನನ್ನದೇ ಬೂಟು ಇಟ್ಟುಕೊಂಡು ಅದು ಬೀಳದ ಹಾಗೆ ಎದ್ದರೆ ಆಮೇಲೆ ಕೊಡ್ತೀನಿ ಅಂದಿದ್ದಾರೆ ಕೋಚ್. ನಿನ್ನೆಯ ಸಾಲು ಹೀಗಿದೆ: ಬಲಗೈ ಐದು ಸಲ, ಬೂಟು ಬಿದ್ದದ್ದು ಒಮ್ಮೆ. ಎಡಗೈ ಐದು ಸಲ, ಬಿದ್ದದ್ದು ನಾಲ್ಕು, ಅದರಲ್ಲಿ ಒಂದು ಮೂಗಿನ ಮೇಲೆ.