"ನಮ್ಮ ವಂಶವೇ ಹೀಗೆ" ಅನ್ನುವ ಮುಂಚೆ ಒಂದು ಹಾಳೆ, ಒಂದು ಟೇಪು ತಗೊಳ್ಳಿ

ನಮ್ಮ ತಾಯಿ ಕಡೆಯ ಮದುವೆ ಆಲ್ಬಂ ತೆಗೆದರೆ ಗಂಡಸರೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಾಣುತ್ತಾರೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಪಂಚೆ ಮೇಲೆ ಒಂದು ಗೇಣು ಮುಂದೆ. ಅಜ್ಜ ಹಾಗೇ ಇದ್ದರು, ಮಾವಂದಿರು ಹಾಗೇ ಇದ್ದಾರೆ, ನಲವತ್ತು ಹತ್ತಿರ ಬಂದಾಗ ನಾನೂ ಅದೇ ಸಾಲಿಗೆ ಸೇರಿದೆ. ದೊಡ್ಡ ಮಾವನನ್ನು ಕೇಳಿದರೆ "ಇದು ನಮ್ಮ ವಂಶದ್ದಪ್ಪ, ಹುಟ್ಟುಗುಣ ಸುಟ್ಟರೂ ಹೋಗಲ್ಲ" ಅಂತ ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳುತ್ತಾರೆ. ಅತ್ತೆ ಅಡುಗೆಮನೆಯಿಂದಲೇ "ವಂಶವೂ ಇಲ್ಲ ಗಿಂಶವೂ ಇಲ್ಲ, ತಿನ್ನೋದು ಜಾಸ್ತಿ" ಅನ್ನುತ್ತಾರೆ.

ತಮಾಷೆ ಏನೆಂದರೆ ಇಬ್ಬರೂ ಹೇಳುತ್ತಿರುವುದು ಒಂದೇ. ಅಪ್ಪ ಅಮ್ಮನಿಂದ ಬರುವುದು ತೂಕ ಅಲ್ಲ. ಬರುವುದು ಹಸಿವು, ತಿಂದಿದ್ದು ಸಾಕು ಅಂತ ತಲೆಗೆ ಎಷ್ಟು ಬೇಗ ಗೊತ್ತಾಗುತ್ತದೆ ಅನ್ನುವುದು, ಮತ್ತೆ ಉಳಿದ ಕೊಬ್ಬು ಎಲ್ಲಿ ಹೋಗಿ ಕೂರುತ್ತದೆ ಅನ್ನುವುದು. ನಿಮ್ಮ ಮನೆಯಲ್ಲಿ ಇದರ ಪಾಲು ಎಷ್ಟು ಅಂತ ಲ್ಯಾಬಿಗೆ ಹೋಗದೆ ಒಂದು ಮಟ್ಟಕ್ಕೆ ಅಂದಾಜು ಮಾಡಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲು, ಜೀನ್ ಅನ್ನುವುದೆಲ್ಲ ಬರೀ ನೆಪ ಅನ್ನುವವರಿಗೆ ಎರಡು ಮಾತು. 1986ರಲ್ಲಿ ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದು ದೊಡ್ಡವರಾದ 540 ಜನರ ಮೈಕಟ್ಟನ್ನು ಹೋಲಿಸಿ ನೋಡಿದರು. ಅದು ಹೆತ್ತವರ ಜೊತೆ ಹೊಂದಿತು, ಸಾಕಿದವರ ಜೊತೆ ಹೊಂದಲಿಲ್ಲ. 1990ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ 12 ಜೋಡಿ ತದ್ರೂಪಿ ಅವಳಿ ಹುಡುಗರನ್ನು ಒಂದೇ ಕಡೆ ಇಟ್ಟು, ಅವರಿಗೆ ಬೇಕಾದ್ದಕ್ಕಿಂತ ದಿನಕ್ಕೆ 1000 ಕ್ಯಾಲೊರಿ ಜಾಸ್ತಿ, ಒಟ್ಟು 84 ದಿನ ತಿನ್ನಿಸಿದರು. ಎಲ್ಲರಿಗೂ ಹೆಚ್ಚುವರಿ ಊಟ ಅಷ್ಟೇ, ಆದರೆ ಒಬ್ಬ 4.3 ಕಿಲೋ ಏರಿದ, ಇನ್ನೊಬ್ಬ 13.3 ಕಿಲೋ! ಅವಳಿಗಳ ನಡುವೆ ಮಾತ್ರ ವ್ಯತ್ಯಾಸ ಕಡಿಮೆ. ಅಣ್ಣ ಜಾಸ್ತಿ ಏರಿದರೆ ತಮ್ಮನೂ ಹೆಚ್ಚುಕಡಿಮೆ ಅಷ್ಟೇ ಏರಿದ. ಹಾಗಾಗಿ "ನಾನೂ ಅವನೂ ಒಂದೇ ಮೆಸ್ಸಲ್ಲಿ ಊಟ ಮಾಡ್ತೀವಿ, ಅವನಿಗೆ ಏನೂ ಆಗಲ್ಲ, ನನಗೆ ಮಾತ್ರ ಹೊಟ್ಟೆ" ಅಂತ ಯಾರಾದರೂ ಅಂದರೆ ನಗಬೇಡಿ.

ಇನ್ನೊಂದು ಕಡೆ, ಬೊಜ್ಜಿನಲ್ಲಿ ಜೀನ್ ಪಾಲು ಶೇಕಡಾ 40ರಿಂದ 70 ಅಂತ ಓದಿರುತ್ತೀರಿ. ಅದನ್ನು ಓದಿ "ನನ್ನ ತೂಕದಲ್ಲಿ 70 ಭಾಗ ಅಪ್ಪನದ್ದು, ನನ್ನ ಕೈಲಿ ಇರೋದು 30 ಮಾತ್ರ" ಅಂದುಕೊಳ್ಳಬೇಡಿ, ಆ ಲೆಕ್ಕ ಹಾಗಲ್ಲ. ಒಂದು ಊರಿನ ಜನರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ತೂಕದಲ್ಲಿ ಇರುವ ವ್ಯತ್ಯಾಸದಲ್ಲಿ ಎಷ್ಟು ಭಾಗ ಜೀನಿನಿಂದ ಅನ್ನುವ ಲೆಕ್ಕ ಅದು. ಇಡೀ ಊರೇ ಗದ್ದೆ ಬಿಟ್ಟು ಕುರ್ಚಿಯ ಕೆಲಸಕ್ಕೆ ಬಂದರೆ ಜೀನ್ ಬದಲಾಗದೆ ಊರೇ ದಪ್ಪ ಆಗುತ್ತದೆ.

ಈಗ ಕೆಲಸಕ್ಕೆ ಬನ್ನಿ. ಒಂದು ಹಾಳೆ ತಗೊಳ್ಳಿ. ಅಜ್ಜ ಅಜ್ಜಿ ನಾಲ್ಕೂ ಜನ, ಅವರ ಮಕ್ಕಳು, ನಿಮ್ಮ ತಲೆಮಾರು. ಮೂರು ಸಾಲು ಸಾಕು. ಹೆಸರಿನ ಪಕ್ಕ ತೂಕ ಬರೆಯಲು ಹೋಗಬೇಡಿ, ಯಾರೂ ನಿಜ ಹೇಳುವುದಿಲ್ಲ. ಇಷ್ಟು ಬರೆಯಿರಿ: ದಪ್ಪ ಆಗಿದ್ದು ಯಾವ ವಯಸ್ಸಲ್ಲಿ, ಹೊಟ್ಟೆ ಕಡೆಯೋ ಸೊಂಟ ತೊಡೆ ಕಡೆಯೋ, ಶುಗರ್ ಬಂದಿದ್ದು ಯಾವಾಗ, ಬಿಪಿ, ಹೃದಯದ ತೊಂದರೆ, ಮೈ ಬಗ್ಗಿಸುವ ಕೆಲಸ ಬಿಟ್ಟಿದ್ದು ಯಾವ ವಯಸ್ಸಲ್ಲಿ. ಇದಕ್ಕೆ ಹಳೇ ಫೋಟೋಗಳಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಆಲ್ಬಂ ಮುಂದಿಟ್ಟುಕೊಂಡು ವಯಸ್ಸಾದವರ ಹತ್ತಿರ ಕೂತರೆ ತಾವಾಗಿಯೇ ಹೇಳುತ್ತಾರೆ. ನನಗೆ ಅಮ್ಮ ಒಂದು ಫೋಟೋ ತೋರಿಸಿ "ನೋಡು, ನಿಮ್ಮಜ್ಜ ಆಗಿನ್ನೂ ಗದ್ದೆಗೆ ಹೋಗ್ತಿದ್ರು" ಅಂದರು. ಐವತ್ತು ದಾಟಿದ ಮನುಷ್ಯ, ಹೊಟ್ಟೆ ಬೆನ್ನಿಗೆ ಅಂಟಿಕೊಂಡಿದೆ. ಅದಾದ ಹತ್ತು ವರ್ಷದ ಫೋಟೋದಲ್ಲಿ ಟ್ರ್ಯಾಕ್ಟರ್ ಇದೆ, ಹೊಟ್ಟೆಯೂ ಇದೆ.

ಇದರಲ್ಲಿ ಒಂದು ಉಪಾಯ ಇದೆ, ನನಗೆ ಇದು ಹೊಳೆದದ್ದು ಹಾಳೆ ಬರೆದು ಮುಗಿಸಿದ ಮೇಲೆ. ಮನೆಗೆ ಬಂದ ಸೊಸೆಯಂದಿರನ್ನು, ಮನೆಯಲ್ಲೇ ಉಳಿದ ಅಳಿಯಂದಿರನ್ನು ಬೇರೆ ಬಣ್ಣದ ಪೆನ್ನಲ್ಲಿ ಬರೆಯಿರಿ. ಅವರಿಗೂ ನಿಮಗೂ ರಕ್ತ ಸಂಬಂಧ ಇಲ್ಲ, ಅಡುಗೆಮನೆ ಮಾತ್ರ ಒಂದೇ. ಹೆರಿಗೆ, ಥೈರಾಯ್ಡ್, ವಯಸ್ಸು ಇವೆಲ್ಲ ಬಿಟ್ಟು ನೋಡಿದರೂ, ಹೊರಗಿನಿಂದ ಬಂದವರೆಲ್ಲ ಹತ್ತು ವರ್ಷದಲ್ಲಿ ನಿಮ್ಮಷ್ಟೇ ದಪ್ಪ ಆಗಿದ್ದರೆ ತಪ್ಪು ಜೀನಿನದ್ದಕ್ಕಿಂತ ಎಣ್ಣೆ ಡಬ್ಬದ್ದು. ಅವರು ಹಾಗೇ ಇದ್ದು ನಿಮ್ಮ ಕಡೆಯವರು ಮಾತ್ರ ಉಬ್ಬಿದ್ದರೆ, ಬೇರೆ ಊರಿಗೆ ಹೋಗಿ ಬೇರೆ ಥರ ಉಂಡ ಅತ್ತೆ ಚಿಕ್ಕಪ್ಪಂದಿರೂ ಹಾಗೇ ಆಗಿದ್ದರೆ, ಆಗ ಮಾವನ ಮಾತಿಗೆ ಬೆಲೆ ಕೊಡಿ. ನಮ್ಮ ಮನೆಯಲ್ಲಿ ಎರಡೂ ಸ್ವಲ್ಪ ಸ್ವಲ್ಪ ಬಂತು. ಅತ್ತೆಗೆ ನಾನು ಅದನ್ನು ಹೇಳಲಿಲ್ಲ.

ಸಂಬಂಧದಲ್ಲೇ ಮದುವೆ ಆಗಿದ್ದರೆ, ಅಂದರೆ ಸೋದರಮಾವ, ಅತ್ತೆ ಮಗ, ಮಾವನ ಮಗಳು ಇಂಥ ಕಡೆ ಎರಡು ಗೆರೆ ಎಳೆಯಿರಿ. ಕಾರಣ ಇದೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಜೀನನ್ನು ಪತ್ತೆ ಮಾಡಿತು. ಲೆಪ್ಟಿನ್ ಅಂದರೆ ಮೈಯಲ್ಲಿರುವ ಕೊಬ್ಬೇ ಮಿದುಳಿಗೆ "ಗೋದಾಮು ತುಂಬಿದೆ, ಸಾಕು" ಅಂತ ಕಳಿಸುವ ಸುದ್ದಿ. ಮೂರು ವರ್ಷ ಆದ ಮೇಲೆ ಕೇಂಬ್ರಿಡ್ಜಿನ ವೈದ್ಯರು ಪಾಕಿಸ್ತಾನಿ ಮೂಲದ ಒಂದು ಕುಟುಂಬದ ಇಬ್ಬರು ಮಕ್ಕಳ ಬಗ್ಗೆ ಬರೆದರು. ಒಬ್ಬಳಿಗೆ 8 ವರ್ಷಕ್ಕೆ 86 ಕಿಲೋ, ಇನ್ನೊಬ್ಬನಿಗೆ 2 ವರ್ಷಕ್ಕೆ 29 ಕಿಲೋ. ಮೈಯಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಜೀನಿನ ಕೆಟ್ಟ ಪ್ರತಿ ತಂದೆಯಿಂದಲೂ ತಾಯಿಯಿಂದಲೂ ಬಂದರೆ ಮಾತ್ರ ಹೀಗಾಗುತ್ತದೆ, ಸಂಬಂಧದ ಮದುವೆಯಲ್ಲಿ ಅದರ ಸಾಧ್ಯತೆ ಜಾಸ್ತಿ. ಲೆಪ್ಟಿನ್ ಇಂಜೆಕ್ಷನ್ ಕೊಟ್ಟ ಮೇಲೆ ಆ ಹುಡುಗಿಯ ಹಸಿವು ಇಳಿಯಿತು, ತೂಕವೂ ಇಳಿಯಿತು. ಅಲ್ಲಿಯವರೆಗೆ ಆ ಮಗುವನ್ನು ಎಷ್ಟು ಜನ ಹೊಟ್ಟೆಬಾಕಿ ಅಂದಿರಬಹುದು ಅಂತ ಯೋಚಿಸಿದರೆ ಬೇಜಾರಾಗುತ್ತದೆ. (ನಮ್ಮಂಥವರಿಗೆ ಆ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಲೆಪ್ಟಿನ್ ಬೇಕಾದಷ್ಟಿದೆ, ಮಿದುಳು ಕಿವಿಗೆ ಹಾಕಿಕೊಳ್ಳುತ್ತಿಲ್ಲ ಅಷ್ಟೇ.)

ಇಂಥ ಒಂದೇ ಜೀನಿನ ಬೊಜ್ಜು ತುಂಬಾ ಅಪರೂಪ. ಆದರೂ ಕೆಲವು ಮಕ್ಕಳನ್ನು ಸುಮ್ನೆ ಡಯಟ್ ಚಾರ್ಟ್ ಕೊಟ್ಟು ಕಳಿಸಬಾರದು. ಐದು ವರ್ಷದ ಒಳಗೇ ವಿಪರೀತ ದಪ್ಪ ಆದ ಮಗು. ರಾತ್ರಿ ಎದ್ದು ಊಟ ಹುಡುಕುವ, ಕದ್ದು ತಿನ್ನುವ, ಎಷ್ಟು ಕೊಟ್ಟರೂ ತಣಿಯದ ಮಗು. ಹುಟ್ಟಿದಾಗ ಮೈಯೆಲ್ಲ ಸಡಿಲ, ಹಾಲು ಎಳೆಯಲೂ ಶಕ್ತಿ ಇರಲಿಲ್ಲ, ಕೆಲವು ವರ್ಷ ಆದ ಮೇಲೆ ತಡೆಯಲಾಗದ ಹಸಿವು ಶುರುವಾಯಿತು ಅಂದರೆ ಅದು ಪ್ರಾಡರ್ ವಿಲ್ಲಿ ಅನ್ನುವ ಅಪರೂಪದ ಜೀನ್ ಕಾಯಿಲೆ ಇರಬಹುದು. ಆರನೇ ಬೆರಳು, ಕತ್ತಲಲ್ಲಿ ಕಣ್ಣು ಕಾಣದಿರುವುದು, ಕಲಿಕೆ ನಿಧಾನ, ಇವು ಬೊಜ್ಜಿನ ಜೊತೆ ಬಂದರೂ ತೋರಿಸಬೇಕು. ದಪ್ಪ ಆಗುತ್ತಾ ಎತ್ತರ ನಿಂತುಹೋದರೆ ಅದು ಹಾರ್ಮೋನಿನ ತೊಂದರೆ ಇರಬಹುದು, ಯಾಕೆಂದರೆ ಬರೀ ಊಟದಿಂದ ದಪ್ಪ ಆದ ಮಕ್ಕಳು ಸಾಮಾನ್ಯವಾಗಿ ವಯಸ್ಸಿಗೆ ಮೀರಿ ಉದ್ದವೇ ಇರುತ್ತಾರೆ. ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಮಕ್ಕಳ ಹಾರ್ಮೋನ್ ತಜ್ಞರಿಗೆ ಚೀಟಿ ಬರೆದುಕೊಡಿ ಅಂತ ಬಾಯಿಬಿಟ್ಟು ಕೇಳಿ, ಆ ಹಾಳೆಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಇಂಥ ಕೆಲವು ಕಾಯಿಲೆಗಳಿಗೆ 2020ರಿಂದ ಅಮೆರಿಕದಲ್ಲಿ ಸೆಟ್‌ಮೆಲನೊಟೈಡ್ ಅನ್ನುವ ಔಷಧಿಗೂ ಒಪ್ಪಿಗೆ ಸಿಕ್ಕಿದೆ. ಅಂದಮೇಲೆ ಯಾವ ಜೀನು ಅಂತ ತಿಳಿದುಕೊಂಡು ಏನು ಉಪಯೋಗ ಅನ್ನುವ ಕಾಲ ಹೋಯಿತು.

ದೊಡ್ಡವರಿಗೆ ಟೇಪು. ಟೈಲರ್ ಇಟ್ಟುಕೊಳ್ಳುವ ಮೆತ್ತನೆಯ ಟೇಪು. ಪ್ಯಾಂಟ್ ಕಟ್ಟುವ ಜಾಗದಲ್ಲಿ ಅಳೆಯಬೇಡಿ, ಅಲ್ಲೇ ಎಲ್ಲರೂ ಮೋಸ ಹೋಗುವುದು. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಇಪ್ಪತ್ತು ವರ್ಷದಿಂದ ನನ್ನದು 34 ಅಂತ ಹೆಮ್ಮೆಯಿಂದ ಹೇಳುತ್ತಾರೆ. ಪಕ್ಕೆಲುಬಿನ ಕೊನೆ ಎಲ್ಲಿ ಅಂತ ಬೆರಳಲ್ಲಿ ಒತ್ತಿ ನೋಡಿ, ಸೊಂಟದ ಮೂಳೆಯ ಮೇಲಿನ ಅಂಚು ಎಲ್ಲಿ ಅಂತ ನೋಡಿ, ಎರಡರ ಮಧ್ಯೆ ಟೇಪು ಸುತ್ತಿ. ಉಸಿರು ಎಳೆದುಕೊಂಡು ಹೊಟ್ಟೆ ಒಳಗೆ ಮಾಡಬೇಡಿ, ಮಾಮೂಲಿಯಾಗಿ ಉಸಿರು ಬಿಟ್ಟಾಗ ಓದಿ. ಟೇಪು ಹಿಂದೆ ಜಾರಿದೆಯಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ನಮ್ಮವರಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) ಕೂಡ ನಮಗೆ 23 ದಾಟಿದರೆ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು. ಯುರೋಪಿನವರ 25 ಮತ್ತು 30 ನಮಗೆ ಹೊಂದುವುದಿಲ್ಲ.

ಯಾಕೆ ಅಂತೀರಾ? 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿಕೊಂಡರು. ಇಬ್ಬರ ಬಿಎಂಐ 22.3, ಚೂರೂ ವ್ಯತ್ಯಾಸ ಇಲ್ಲ. ಮೈಯಲ್ಲಿ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ 21.2. ತೆಳ್ಳಗೆ ಕಾಣುವ ದಪ್ಪ ಮನುಷ್ಯರು ನಾವು. ಇದು ಹುಟ್ಟಿನಿಂದಲೇ ಶುರು ಅನ್ನುವುದಕ್ಕೆ ನಮ್ಮ ಮೈಸೂರಿನ ಮಕ್ಕಳೇ ಸಾಕ್ಷಿ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಮಕ್ಕಳ ಹುಟ್ಟಿನ ತೂಕ ಬರೆದಿಟ್ಟಿದ್ದಾರೆ. ಅದನ್ನು ಹಿಡಿದು ವರ್ಷಗಟ್ಟಲೆ ಅಧ್ಯಯನ ನಡೆದಿದೆ. ಅಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿದಾಗ ತೂಕ ಕಡಿಮೆ, ತೋಳು ಸಣ್ಣ, ಆದರೆ ಬೆನ್ನಿನ ಮೇಲೆ ಹೆಗಲ ಮೂಳೆಯ ಕೆಳಗೆ ಇರುವ ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ. ಇದರಲ್ಲಿ ಜೀನ್ ಎಷ್ಟು, ಬಸುರಿಯಲ್ಲಿ ತಾಯಿ ಉಂಡದ್ದು ಎಷ್ಟು ಅಂತ ಬಿಡಿಸುವುದು ಕಷ್ಟ. ತಾಯಿಯ ಊಟವೂ ಮಗುವಿನ ಮೈಯಲ್ಲಿ ವಂಶದಿಂದ ಬಂದದ್ದರ ಹಾಗೇ ಕಾಣುತ್ತದೆ. ಹಾಗಾಗಿ ಹಾಳೆಯಲ್ಲಿ ಶುಗರ್ ಇರುವವರು ಜಾಸ್ತಿ ಇದ್ದು ನಿಮ್ಮ ವಯಸ್ಸು 30 ದಾಟಿದ್ದರೆ, ತೂಕ ಸರಿಯಾಗಿದ್ದರೂ ಖಾಲಿ ಹೊಟ್ಟೆಯ ಶುಗರ್ ಮತ್ತು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ.

ಎಂಜಲು ಕಳಿಸಿದರೆ ಜೀನ್ ನೋಡಿ ಡಯಟ್ ಹೇಳುತ್ತೇವೆ ಅನ್ನುವ ಪರೀಕ್ಷೆ ಮಾಡಿಸಬೇಕಾ? ನನ್ನ ಕೇಳಿದರೆ ಬೇಡ. ಅದರಲ್ಲಿ ಮೊದಲು ತೋರಿಸುವುದು ಎಫ್‌ಟಿಒ ಅನ್ನುವ ಜೀನ್. 2007ರಲ್ಲಿ ಸಿಕ್ಕಿದ್ದು, ಭಾರೀ ಹೆಸರು ಮಾಡಿದ್ದು. ಯುರೋಪಿನವರಲ್ಲಿ ಇದರ ಕೆಟ್ಟ ಪ್ರತಿ ಎರಡೂ ಇದ್ದವರು ಇಲ್ಲದವರಿಗಿಂತ ಸರಾಸರಿ 3 ಕಿಲೋ ಜಾಸ್ತಿ ಇದ್ದರು, ಅಷ್ಟೇ. ಡಿಎನ್‌ಎಯಲ್ಲಿ ಬೊಜ್ಜಿಗೆ ಸಂಬಂಧಪಟ್ಟ ಇಂಥ ನೂರಾರು ಜಾಗಗಳನ್ನು ಒಟ್ಟು ಸೇರಿಸಿದರೂ 2018ರ ಲೆಕ್ಕದಲ್ಲಿ ಬಿಎಂಐ ವ್ಯತ್ಯಾಸದ ಶೇಕಡಾ 6ರಷ್ಟನ್ನು ಮಾತ್ರ ಹೇಳಲು ಆಯಿತು. ನೀವು ಪುಕ್ಕಟೆ ಬರೆದ ಹಾಳೆ ಅದಕ್ಕಿಂತ ಜಾಸ್ತಿ ಹೇಳುತ್ತದೆ. ಎಫ್‌ಟಿಒ ಕೆಟ್ಟ ಪ್ರತಿ ಇರುವವರು ತೂಕ ಇಳಿಸಲು ಹೊರಟರೆ ಬೇರೆಯವರಷ್ಟೇ ಇಳಿಸುತ್ತಾರೆ, ಓಡಾಟ ಇಟ್ಟುಕೊಂಡವರಲ್ಲಿ ಅದರ ಪ್ರಭಾವ ಕಾಲು ಭಾಗದಷ್ಟು ತಗ್ಗುತ್ತದೆ.

ಈ ಎಫ್‌ಟಿಒ ವಿಷಯದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಸ್ಕಾಟ್ಲೆಂಡಿನ ಮಕ್ಕಳ ಕಥೆ. ಅದರ ಕೆಟ್ಟ ಪ್ರತಿ ಇದ್ದ ಮಕ್ಕಳ ಮೈ ಕ್ಯಾಲೊರಿ ಉರಿಸುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. ತಟ್ಟೆಯಲ್ಲಿ ತಿಂದ ತೂಕವೂ ಜಾಸ್ತಿ ಇರಲಿಲ್ಲ. ಎದುರಿಗಿದ್ದ ತಿಂಡಿಯಲ್ಲಿ ಕ್ಯಾಲೊರಿ ಜಾಸ್ತಿ ಇರುವುದನ್ನೇ ಕೈ ಹುಡುಕಿಕೊಂಡು ಹೋಗುತ್ತಿತ್ತು. ಅಂದರೆ ನಮ್ಮಂಥ ಮನೆಯಲ್ಲಿ ಮನಸ್ಸು ಗಟ್ಟಿ ಮಾಡಿಕೋ ಅಂತ ಉಪದೇಶ ಮಾಡುವುದಕ್ಕಿಂತ ಕೈಗೆ ಏನು ಸಿಗುತ್ತದೆ ಅನ್ನುವುದನ್ನು ಬದಲಾಯಿಸುವುದು ಸುಲಭ. ಕೋಡುಬಳೆ ಡಬ್ಬ ಟಿವಿ ಪಕ್ಕದಿಂದ ಅಟ್ಟಕ್ಕೆ ಹೋಯಿತು. ಅದಕ್ಕೆ ಏಣಿ ಬೇಕು, ಏಣಿ ಹತ್ತುವಷ್ಟು ಆಸೆ ನನಗೆ ವಾರಕ್ಕೆ ಒಂದೇ ಸಲ ಬರುತ್ತದೆ. ಊಟಕ್ಕೆ ಮೊದಲು ಹೆಸರುಬೇಳೆ ಕೋಸಂಬರಿ, ಮೊಳಕೆ ಹುರುಳಿಕಾಳಿನ ಸಾರಲ್ಲಿ ಕಾಳು ಜಾಸ್ತಿ ಸಾರು ಕಡಿಮೆ, ಆಮೇಲೆ ಅನ್ನ. ಎರಡನೇ ಸಲ ಅನ್ನ ಬೇಕು ಅನ್ನಿಸಿದರೆ ಕೈ ತೊಳೆದುಕೊಂಡು ಹತ್ತು ನಿಮಿಷ ತಡೆದು ಮತ್ತೆ ಕೇಳಿಕೊಳ್ಳುತ್ತೇನೆ. ನಮಗೆ ಸಾಕು ಅನ್ನುವ ಸುದ್ದಿ ತಡವಾಗಿ ಬರುತ್ತದೆ, ಅದಕ್ಕೆ ಸಮಯ ಕೊಡಬೇಕು ಅಲ್ವಾ. "ಇನ್ನೊಂಚೂರು ಹಾಕಿಸ್ಕೋ" ಅನ್ನುವ ಉಪಚಾರ ಮಾತ್ರ ನಿಲ್ಲಿಸಲು ಆಗಲಿಲ್ಲ, ಬಡಿಸುವವರು ಬರುವ ಹೊತ್ತಿಗೆ ಎಲೆ ಮಡಿಸಿಬಿಡುತ್ತೇನೆ.

ಎಷ್ಟು ಇಳಿಸಬೇಕು? 80 ಕಿಲೋ ಇದ್ದವರು ನಾಲ್ಕರಿಂದ ಆರು ಕಿಲೋ ಇಳಿಸಿದರೂ ಶುಗರ್, ಬಿಪಿ ಮೇಲೆ ಗೊತ್ತಾಗುತ್ತದೆ. ಕಾಲೇಜಿನ ತೂಕಕ್ಕೆ ಹೋಗುತ್ತೇನೆ ಅಂತ ಹಟ ಬೇಡ. ಇಳಿಯುತ್ತಾ ಹೋದ ಹಾಗೆ ಲೆಪ್ಟಿನ್ ಕೂಡ ಇಳಿಯುತ್ತದೆ, ಗೋದಾಮು ಖಾಲಿಯಾಗುತ್ತಿದೆ ಅಂತ ಮಿದುಳು ಹಸಿವು ಏರಿಸುತ್ತದೆ. ಕೆಲವು ತಿಂಗಳಾದ ಮೇಲೆ ಮೊದಲಿಗಿಂತ ಜಾಸ್ತಿ ಹಸಿವಾದರೆ ಸೋತೆ ಅಂದುಕೊಳ್ಳದೆ, ಆ ಹೊತ್ತಿಗೆ ಕಾಳಿನ ಪಾಲು ಏರಿಸಿ, ನಡಿಗೆ ಬಿಡಬೇಡಿ. ಅದಕ್ಕೂ ಬಗ್ಗದಿದ್ದರೆ ಈಗ ಹಸಿವನ್ನೇ ತಗ್ಗಿಸುವ ಸೆಮಗ್ಲುಟೈಡ್‌ನಂಥ ಇಂಜೆಕ್ಷನ್‌ಗಳಿವೆ, ಡಾಕ್ಟರ್ ಹೇಳಿದರೆ ತಗೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಮೆಡಿಕಲ್ ಶಾಪಿನವನು ಹೇಳಿದ ಅಂತ ತಗೊಳ್ಳಬೇಡಿ.

ಟೇಪನ್ನು ಮೂರು ತಿಂಗಳಿಗೊಮ್ಮೆ ತೆಗೆದರೆ ಸಾಕು. ನಾನು ಅಳತೆಯನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಲ್ಲಿ ಬರೆಯುತ್ತೇನೆ. ಗಣೇಶನ ಹಬ್ಬಕ್ಕೆ 98 ಇತ್ತು, ಸಂಕ್ರಾಂತಿಗೆ 95. ಕಳೆದ ವಾರ ದೊಡ್ಡ ಮಾವ ಬಂದಿದ್ದವರು ಅದನ್ನು ನೋಡಿ, ಏನೂ ಮಾತಾಡದೆ, ಟೇಪು ಎಲ್ಲಿದೆ ಅಂತ ಕೇಳಿದರು.