ಮನೆಯ ಸರ್ವರ್‌ನ ಫೋಲ್ಡರ್ ತೆರೆಯದಿದ್ದಾಗ ನಾನು ಹುಡುಕುವ ಕ್ರಮ

ನಮ್ಮ ಮನೆಯ ಸರ್ವರ್ ಎಂದರೆ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಹಾಕಿದ ಒಂದು ಹಳೆಯ ಡೆಸ್ಕ್‌ಟಾಪ್. ಫೋಲ್ಡರ್‌ಗಳನ್ನು ಮನೆಯ ಇತರ ಕಂಪ್ಯೂಟರ್‌ಗಳಿಗೆ ಹಂಚುವ ಕೆಲಸ ಸಾಂಬಾ ತಂತ್ರಾಂಶದ್ದು. ಅಪ್ಪನ ತಾಳಮದ್ದಲೆ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಧ್ವನಿಮುದ್ರಣಗಳು, ಮನೆಮಂದಿಯ ಫೋಟೋಗಳು, ಜಮೀನಿನ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳು ಅದರಲ್ಲಿವೆ. ಹಾಗಾಗಿ ಮನೆಯಲ್ಲಿ ಯಾರಾದರೂ ಫೋಲ್ಡರ್ ತೆರೆಯುತ್ತಿಲ್ಲ ಎಂದರೆ ನಾನು ಕೂಡಲೇ ಎದ್ದು ಹೋಗಿ ನೋಡುತ್ತೇನೆ. ಒಮ್ಮೆಯಂತೂ ಅತ್ತಿಗೆ, ಅಣ್ಣ, ಅಣ್ಣನ ಮಗಳು ಮೂವರಿಂದಲೂ ಹೆಚ್ಚುಕಡಿಮೆ ಒಟ್ಟಿಗೇ ಈ ದೂರು ಬಂತು. ಸರ್ವರ್ ಕೆಟ್ಟಿತೆಂದು ಎಲ್ಲರೂ ಅಂದುಕೊಂಡಿದ್ದರು. ಸರ್ವರ್ ಚೆನ್ನಾಗಿಯೇ ಇತ್ತು. ಮೂವರ ತೊಂದರೆಗಳೂ ಬೇರೆ ಬೇರೆಯಾಗಿದ್ದವು.

ಇಂಥ ಹೊತ್ತಿನಲ್ಲಿ ಸಂರಚನಾ ಕಡತಕ್ಕೆ ನಾನು ಮೊದಲು ಕೈ ಹಾಕುವುದಿಲ್ಲ. ಸರ್ವರ್‌ನ ಮುಂದೆಯೇ ಕುಳಿತು, ಎಸ್‌ಎಂಬಿಕ್ಲೈಂಟ್ ಆದೇಶದಿಂದ ಅದೇ ಯಂತ್ರದ ಫೋಲ್ಡರನ್ನು ಅದೇ ಬಳಕೆದಾರರ ಹೆಸರಿನಲ್ಲಿ ತೆರೆಯುತ್ತೇನೆ. ಅಲ್ಲಿ ತೆರೆದರೆ ಸಾಂಬಾದ ಕಡೆ ಸರಿಯಿದೆ, ತೊಂದರೆ ದಾರಿಯಲ್ಲೋ ಎದುರಿನ ಲ್ಯಾಪ್‌ಟಾಪಿನಲ್ಲೋ ಇದೆ ಎಂದು ಗೊತ್ತಾಗುತ್ತದೆ. ಹುಡುಕುವ ಜಾಗ ಅಲ್ಲಿಗೇ ಅರ್ಧವಾಗುತ್ತದೆ.

ಅತ್ತಿಗೆಯದು ದಾರಿಯ ತೊಂದರೆ. ಮಹಡಿಯಲ್ಲಿ ವೈಫೈ ದುರ್ಬಲವೆಂದು ಇನ್ನೊಂದು ರೌಟರ್ ಇಟ್ಟಿದ್ದರು. ಕೆಳಗಿನ ವಿಳಾಸಗಳು 192.168.1ರಿಂದ ಆರಂಭವಾದರೆ ಅವರ ಲ್ಯಾಪ್‌ಟಾಪಿನದು 192.168.0ರಿಂದ ಆರಂಭವಾಗುತ್ತಿತ್ತು. ಹೀಗಿದ್ದಾಗ ಅಂತರಜಾಲ ಬರುತ್ತದೆ, ಅಂಕಿಯ ವಿಳಾಸಕ್ಕೆ ಪಿಂಗ್ ಮಾಡಿದರೆ ಸರ್ವರ್ ಉತ್ತರವನ್ನೂ ಕೊಡುತ್ತದೆ. ಹೆಸರು ಹಾಕಿದರೆ ಮಾತ್ರ ಸಿಗುವುದಿಲ್ಲ. ಮನೆಯ ಜಾಲದಲ್ಲಿ ಹೆಸರು ಹುಡುಕುವ ಕೂಗು ಒಂದು ರೌಟರನ್ನು ದಾಟಿ ಇನ್ನೊಂದರ ಕಡೆಗೆ ಹೋಗುವುದಿಲ್ಲ. ಮಹಡಿಯ ರೌಟರನ್ನು ವೈಫೈ ಮಾತ್ರ ಒದಗಿಸುವ ಆ್ಯಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಿಸಿ, ವಿಳಾಸ ಹಂಚುವ ಕೆಲಸವನ್ನು ಕೆಳಗಿನ ರೌಟರ್ ಒಂದಕ್ಕೇ ಬಿಟ್ಟೆ. ಸರ್ವರ್‌ಗೆ ಯಾವಾಗಲೂ ಒಂದೇ ವಿಳಾಸ ಸಿಗುವಂತೆ ಅದರಲ್ಲೇ ಕಾಯ್ದಿರಿಸಿದೆ. ನೆಂಟರಿಗೆಂದು ಇಟ್ಟ ಅತಿಥಿ ವೈಫೈಗೆ ಸೇರಿಕೊಂಡ ಫೋನ್‌ಗಳಿಗೂ ಸರ್ವರ್ ಕಾಣುವುದಿಲ್ಲ. ಅದು ಇರಬೇಕಾದದ್ದೇ ಹಾಗೆ.

ಇಲ್ಲಿಯೇ ಇನ್ನೊಂದು ಮಾತು. ವಿಂಡೋಸ್‌ನ ನೆಟ್‌ವರ್ಕ್ ಕಿಟಕಿಯಲ್ಲಿ ಸರ್ವರ್ ಕಾಣದಿದ್ದರೆ ಕಡತ ಹಂಚುವ ಎಸ್‌ಎಂಬಿ ನಿಯಮಾವಳಿಯ ಹಳೆಯ ಆವೃತ್ತಿಯಾದ ಎಸ್‌ಎಂಬಿ1 ಚಾಲೂ ಮಾಡಿ ಎಂಬ ಸಲಹೆ ಇಂದಿಗೂ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ1ರಲ್ಲಿದ್ದ ದೋಷದ ಮೂಲಕವೇ. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಅನುಸ್ಥಾಪಿಸಿದಾಗ ಅದು ಇರುವುದಿಲ್ಲ. 2019ರ ಸಾಂಬಾ 4.11 ಕೂಡ ಅದನ್ನು ಪೂರ್ವನಿಯೋಜಿತವಾಗಿ ಮುಚ್ಚಿತು. ಕಾಣುವುದೇ ಬೇರೆ, ತೆರೆಯುವುದೇ ಬೇರೆ. ವಿಳಾಸಪಟ್ಟಿಯಲ್ಲಿ ಎರಡು ಹಿಂಗೆರೆ (\), ಸರ್ವರ್ ವಿಳಾಸ, ಮತ್ತೊಂದು ಹಿಂಗೆರೆ, ಫೋಲ್ಡರ್ ಹೆಸರು ಬರೆದರೆ ಸಾಕು. ಕಣ್ಣಿಗೂ ಕಾಣಬೇಕೆಂದರೆ ಸರ್ವರ್‌ನಲ್ಲಿ ಡಬ್ಲ್ಯುಎಸ್‌ಡಿಡಿ ಎಂಬ ಸಣ್ಣ ಸೇವೆ ಹಾಕಿಕೊಳ್ಳಬಹುದು. ಪಿಂಗ್ ಹೋಗಿಯೂ ಫೋಲ್ಡರ್ ತೆರೆಯದಿದ್ದರೆ, ಸರ್ವರ್‌ನ ಫೈರ್‌ವಾಲ್ ಎಸ್‌ಎಂಬಿ ಬಳಸುವ 445ನೇ ಪೋರ್ಟ್‌ ಅನ್ನು ತಡೆಯುತ್ತಿದೆಯೇ ಎಂದು ನೋಡಬೇಕು.

ಅಣ್ಣನ ಲ್ಯಾಪ್‌ಟಾಪಿನದು ಹೆಚ್ಚು ತಲೆ ತಿನ್ನುವ ಸಂಗತಿ. ಅದು ವಿಂಡೋಸ್ 11 ಪ್ರೊ. 24ಎಚ್2 ಆವೃತ್ತಿಗೆ ಏರಿದ ಮೇಲೆ ನಿಮ್ಮ ಸಂಸ್ಥೆಯ ಭದ್ರತಾ ನೀತಿ ಅತಿಥಿ ಪ್ರವೇಶವನ್ನು ತಡೆದಿದೆ ಎಂಬ ಅರ್ಥದ ಸಂದೇಶ ಬರತೊಡಗಿತು. ಮನೆಯ ಕಂಪ್ಯೂಟರ್‌ಗೆ ಯಾವ ಸಂಸ್ಥೆ ಎಂದು ಅಣ್ಣ ಗಾಬರಿಯಾದರು. ನಮ್ಮ ಫೋಲ್ಡರ್ ಅತಿಥಿಗಳಿಗೆ ತೆರೆದಿರಲಿಲ್ಲ, ಪಾಸ್‌ವರ್ಡ್ ಕೇಳುವಂಥದ್ದು. ಗಂಟು ಇದ್ದದ್ದು ಬೇರೆಡೆ. ಡೆಬಿಯನ್ ಜೊತೆ ಬರುವ ಸಾಂಬಾ ಸಂರಚನೆಯಲ್ಲಿ ‘ಮ್ಯಾಪ್ ಟು ಗೆಸ್ಟ್’ ಎಂಬ ಸಾಲಿಗೆ ‘ಬ್ಯಾಡ್ ಯೂಸರ್’ ಎಂಬ ಬೆಲೆ ಇರುತ್ತದೆ. ತನಗೆ ಗೊತ್ತಿಲ್ಲದ ಹೆಸರಿನವರು ಬಂದರೆ ಸಾಂಬಾ ಅವರನ್ನು ತಿರಸ್ಕರಿಸದೆ ಅತಿಥಿಯೆಂದು ಎಣಿಸುತ್ತದೆ. ಅಣ್ಣನ ಲ್ಯಾಪ್‌ಟಾಪ್ ತಾನಾಗಿಯೇ ಅವರ ಇಮೇಲ್ ಖಾತೆಯ ಹೆಸರನ್ನು ಕಳುಹಿಸುತ್ತಿತ್ತು. ಸಾಂಬಾ ಅವರನ್ನು ಅತಿಥಿಯಾಗಿಸುತ್ತಿತ್ತು, ಹೊಸ ವಿಂಡೋಸ್ ಆ ಅತಿಥಿ ಸಂಪರ್ಕವನ್ನು ನಿರಾಕರಿಸುತ್ತಿತ್ತು. ಹೀಗೆ ನಿರಾಕರಿಸುವುದು ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಅತಿಥಿ ಸಂಪರ್ಕದಲ್ಲಿ ಸಂದೇಶಗಳಿಗೆ ಸಹಿ ಇರುವುದಿಲ್ಲ. ನಡುವೆ ಯಾರಾದರೂ ಸೇರಿಕೊಂಡರೂ ತಿಳಿಯುವುದಿಲ್ಲ. ಆ ತಡೆಯನ್ನು ತೆಗೆಯುವ ಬದಲು ಎಸ್‌ಎಂಬಿಪಾಸ್‌ಡಬ್ಲ್ಯುಡಿ ಆದೇಶದಿಂದ ಅಣ್ಣನಿಗೆ ಸರ್ವರ್‌ನಲ್ಲಿ ಒಂದು ಗುರುತು ಕೊಟ್ಟು, ಅದನ್ನೇ ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಬರೆದಿಟ್ಟೆ. ಸಾಂಬಾದ ಪಾಸ್‌ವರ್ಡ್ ಲಿನಕ್ಸ್‌ನ ಪಾಸ್‌ವರ್ಡ್‌ಗಿಂತ ಬೇರೆ ಎಂಬುದು ನೆನಪಿರಲಿ. ಲ್ಯಾಪ್‌ಟಾಪ್ ತೆರೆಯುವ ಪಿನ್ ಇಲ್ಲಿ ನಡೆಯುವುದಿಲ್ಲ. ಒಂದೇ ಸರ್ವರ್‌ಗೆ ಎರಡು ಹೆಸರಿನಲ್ಲಿ ಸಂಪರ್ಕಿಸಲು ಹೋದರೆ ವಿಂಡೋಸ್ 1219 ಎಂಬ ದೋಷ ತೋರಿಸುತ್ತದೆ. ಆಗ ‘ನೆಟ್ ಯೂಸ್’ ಆದೇಶದಿಂದ ಹಳೆಯ ಸಂಪರ್ಕವನ್ನು ಅಳಿಸಬೇಕು.

ಇನ್ನು ಅಣ್ಣನ ಮಗಳು. ಅವಳ ಹೆಸರು, ಪಾಸ್‌ವರ್ಡ್ ಎರಡೂ ಸರಿಯಾಗಿದ್ದವು, ಹಂಚಿಕೆಯ ಪಟ್ಟಿಯೂ ಕಾಣುತ್ತಿತ್ತು, ಒಳಗೆ ಹೋಗಲು ಮಾತ್ರ ಅನುಮತಿ ಇಲ್ಲ. ಸಾಂಬಾ ಒಪ್ಪಿದರೆ ಸಾಲದು, ಕೆಳಗಿರುವ ಲಿನಕ್ಸ್ ಕೂಡ ಒಪ್ಪಬೇಕು. ಜಗುಲಿ, ಪಡಸಾಲೆ ದಾಟದೆ ಒಳಕೋಣೆಗೆ ಹೋಗಲಾಗದಂತೆ, ಮೇಲಿನ ಪ್ರತಿ ಡೈರೆಕ್ಟರಿಯಲ್ಲೂ ಹಾದುಹೋಗುವ ಅನುಮತಿ ಬೇಕು. ಹಂಚಿದ ಫೋಲ್ಡರ್ ಯುಎಸ್‌ಬಿ ಡಿಸ್ಕಿನಲ್ಲಿತ್ತು. ಡೆಸ್ಕ್‌ಟಾಪ್ ಪರಿಸರ ಅದನ್ನು ‘ಮೀಡಿಯಾ’ ಡೈರೆಕ್ಟರಿಯೊಳಗೆ ನನ್ನ ಹೆಸರಿನಡಿ ತಾನಾಗಿಯೇ ಜೋಡಿಸಿತ್ತು. ಅಲ್ಲಿಗೆ ನನ್ನನ್ನು ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ. ‘ನೇಮ್ಐ’ (namei) ಆದೇಶಕ್ಕೆ ‘-l’ ಆಯ್ಕೆಯೊಂದಿಗೆ ಪೂರ್ತಿ ಹಾದಿ ಕೊಟ್ಟರೆ ಯಾವ ಹಂತದಲ್ಲಿ ತಡೆಯಿದೆ ಎಂದು ಸಾಲುಸಾಲಾಗಿ ತೋರಿಸುತ್ತದೆ. ಇದನ್ನು ಬಳಸುವವರು ಕಡಿಮೆ, ಆದರೆ ಎಲ್ಲಕ್ಕೂ 777, ಅಂದರೆ ಯಾರು ಬೇಕಾದರೂ ಓದಿ ಬರೆಯುವ ಅನುಮತಿ, ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಜಮೀನಿನ ಪತ್ರಗಳಿರುವ ಜಾಗಕ್ಕೆ 777 ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಡಿಸ್ಕನ್ನು ಯಾವ ಡಿಸ್ಕ್ ಎಲ್ಲಿ ಜೋಡಣೆಯಾಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅದರ ವಿಶಿಷ್ಟ ಗುರುತು ಸಂಖ್ಯೆಯಾದ ಯುಯುಐಡಿಯ ಮೂಲಕ ಬರೆದು ಸ್ಥಿರವಾದ ಜಾಗಕ್ಕೆ ತಂದೆ. ಮನೆಮಂದಿಗೆಂದು ಒಂದು ಗುಂಪು ಮಾಡಿ ಫೋಲ್ಡರ್‌ಗೆ 2775 ಕೊಟ್ಟೆ, ಅಂದರೆ ಗುಂಪಿನವರು ಬರೆಯಬಹುದು, ಉಳಿದವರು ಓದಬಹುದಷ್ಟೇ. ಮೊದಲಿನ 2ರಿಂದಾಗಿ ಯಾರು ಹೊಸ ಕಡತ ಹಾಕಿದರೂ ಅದು ಅದೇ ಗುಂಪಿಗೆ ಸೇರುತ್ತದೆ. ಡಿಸ್ಕ್ ಜೋಡಣೆಯಾಗದ ದಿನ ಅದೇ ಹೆಸರಿನ ಖಾಲಿ ಫೋಲ್ಡರ್ ತೆರೆದುಕೊಂಡು ಫೋಟೋಗಳೆಲ್ಲ ಹೋದವೆಂಬ ಭಯ ಹುಟ್ಟಿಸುತ್ತದೆ. ಆ ಖಾಲಿ ಡೈರೆಕ್ಟರಿಯ ಒಡೆತನವನ್ನು ಲಿನಕ್ಸ್‌ನ ಮೇಲ್ವಿಚಾರಕ ಖಾತೆಯಾದ ರೂಟ್‌ಗೇ ಬಿಟ್ಟು, ಒಡೆತನವಿರುವ ಖಾತೆ ಮಾತ್ರ ಬರೆಯಬಹುದಾದ 755 ಇಟ್ಟಿದ್ದೇನೆ. ಆಗ ಅಲ್ಲಿ ಯಾರೂ ಏನನ್ನೂ ಬರೆಯಲಾಗದು.

ಕನ್ನಡದಲ್ಲಿ ಕಡತಗಳ ಹೆಸರಿಡುವವರಿಗೆ ಎದುರಾಗುವ ಇನ್ನೊಂದು ತೊಡಕಿದೆ. ವಿಂಡೋಸ್‌ನಲ್ಲಿ ಸರಿಯಾಗಿದ್ದ ಕೆಲವು ಧ್ವನಿಮುದ್ರಣಗಳು ಸರ್ವರ್‌ಗೆ ಪ್ರತಿಯಾಗಲೊಲ್ಲವು, ಅನುಮತಿಗಳೆಲ್ಲ ಸರಿಯಿದ್ದರೂ. ಸರ್ವರ್‌ನ ಡಿಸ್ಕ್ ಬಳಸುವ ಇಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. ನಾಲ್ಕು ಸಂಕೇತಗಳಿರುವ ‘ಶ್ರೀ’ ಒಂದಕ್ಕೇ 12 ಬೈಟ್. ಒಟ್ಟು 85 ಸಂಕೇತಗಳಿಗೆ ಜಾಗ ಮುಗಿಯುತ್ತದೆ. ಪ್ರಸಂಗ, ಅರ್ಥಧಾರಿಗಳು, ಊರು, ವರ್ಷ ಎಲ್ಲವನ್ನೂ ಅಪ್ಪ ಹೆಸರಿನಲ್ಲೇ ಬರೆಸಿದ್ದರು. ಈಗ ಹೆಸರಿನಲ್ಲಿ ಪ್ರಸಂಗ ಮತ್ತು ವರ್ಷ ಮಾತ್ರ ಇವೆ. ಅರ್ಥಧಾರಿಗಳ ಹೆಸರುಗಳು, ಊರು ಮತ್ತು ಉಳಿದ ವಿವರಗಳು ಅದೇ ಫೋಲ್ಡರ್‌ನ ಒಂದು ಪಠ್ಯ ಕಡತದಲ್ಲಿವೆ.